ಚಿರಾಲಿ: ರಾತ್ರಿ ಲೈಟ್ ಆರಿಸೋ ಊರು

ಟರ್ಕಿಯ ಚಿರಾಲಿಗೆ ಹೋಗೋರಿಗೆ ಮೊದಲೇ ಹೇಳಿಬಿಡ್ತೀನಿ, ಅಂಟಾಲ್ಯ ಬಸ್ ಸ್ಟ್ಯಾಂಡಲ್ಲಿ ಹತ್ತೋವಾಗ ಡ್ರೈವರ್‌ಗೂ ಕಂಡಕ್ಟರ್‌ಗೂ ಇಬ್ಬರಿಗೂ "ಚಿರಾಲಿ" ಅಂತ ಕೇಳಿಸೋ ಹಾಗೆ ಹೇಳಿ, ಒಲಿಂಪೋಸ್ ಅನ್ನೋ ಮಾತೇ ಎತ್ತಬೇಡಿ. ಮ್ಯಾಪಲ್ಲಿ ನೋಡಿದ್ರೆ ಎರಡೂ ಒಂದೇ ಬೀಚಿನ ಎರಡು ತುದಿ, ಆದ್ರೆ ಹೈವೇಯಿಂದ ಕೆಳಗಿಳಿಯೋ ರಸ್ತೆ ಎರಡಕ್ಕೂ ಬೇರೆ ಬೇರೆ. ನಮ್ಮ ಕಂಡಕ್ಟರ್ ಟಿಕೆಟ್ ನೋಡಿದ, ತಲೆ ಆಡಿಸಿದ, ಆಮೇಲೆ ಚಿರಾಲಿ ತಿರುವು ದಾಟಿಸಿ ಒಲಿಂಪೋಸ್ ತಿರುವಲ್ಲಿ ನಮ್ಮನ್ನೂ ಬ್ಯಾಗನ್ನೂ ಇಳಿಸಿ ಹೊರಟೇ ಹೋದ. ಆಗಸ್ಟ್ ಕೊನೆ, ಮಟಮಟ ಮಧ್ಯಾಹ್ನ, ನೆತ್ತಿ ಸುಡೋ ಬಿಸಿಲು, ಅಕ್ಕ ಜರ್ಮನಿಯಿಂದ ತಂದಿದ್ದ ದೊಡ್ಡ ಟ್ರಾಲಿ ಬೇರೆ. ಅಲ್ಲಿಂದ ವಾಪಸ್ ಬರೋಕೆ ಟ್ಯಾಕ್ಸಿಯವನು ತಗೊಂಡ ದುಡ್ಡು ಅಂಟಾಲ್ಯದಿಂದ ಬಂದ ಬಸ್ ಚಾರ್ಜಿಗಿಂತ ಎಷ್ಟೋ ಜಾಸ್ತಿ, ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಸರಿಯಾದ ತಿರುವಲ್ಲಿ ಇಳಿದ್ರೆ ಸುಲಭ, ಅಲ್ಲಿಂದ ದೊಲ್ಮುಶ್ ಅಂತ ಶೇರ್ ವ್ಯಾನು ಸಿಗುತ್ತೆ, ಜನ ತುಂಬೋವರೆಗೂ ಕಾಯ್ತಾನೆ, ಆಮೇಲೆ ಏಳು ಕಿಲೋಮೀಟರ್ ಪೈನ್ ಕಾಡಲ್ಲಿ ಸುತ್ತಿ ಸುತ್ತಿ ಇಳಿಸ್ತಾನೆ. ಕೆಳಗೆ ಕಿತ್ತಳೆ ತೋಟ, ದಾಳಿಂಬೆ, ಟೊಮೇಟೊ ಬೆಳೆಯೋ ಗ್ರೀನ್‌ಹೌಸು, ರಸ್ತೆಗೆ ಅಡ್ಡ ಬರೋ ಕೋಳಿ, ತೋಟದ ಮಧ್ಯ ಮರದ ರೂಮು ಕಟ್ಟಿರೋ ಪೆನ್ಶನ್ ಅನ್ನೋ ಸಣ್ಣ ಲಾಡ್ಜ್‌ಗಳು, ಅಷ್ಟೇ ಊರು. ದೊಡ್ಡ ಹೋಟೆಲ್ ಒಂದೂ ಕಾಣಲ್ಲ. ಅಂಟಾಲ್ಯದಿಂದ ಬರೋ ದಾರೀಲಿ ಕೆಮೆರ್ ಸುತ್ತಮುತ್ತ ಕೈಗೆ ಬ್ಯಾಂಡ್ ಕಟ್ಟಿ ಮೂರು ಹೊತ್ತು ಊಟ ಹಾಕೋ ರೆಸಾರ್ಟ್‌ಗಳು ಸಾಲಾಗಿ ಇವೆ, ಅಲ್ಲಿ ಇರೋದಾದ್ರೆ ಟರ್ಕಿವರೆಗೂ ಯಾಕೆ ಹೋಗ್ಬೇಕೋ ನಂಗಂತೂ ಗೊತ್ತಿಲ್ಲ.

ಮೊದಲ ರಾತ್ರಿ ಬೀಚ್ ಹತ್ರ ಊಟಕ್ಕೆ ಕೂತಿದ್ವಿ. ಊಟ ಮುಗಿಯೋ ಹೊತ್ತಿಗೆ ಸಮುದ್ರದ ಕಡೆ ಇದ್ದ ಲೈಟೆಲ್ಲ ಒಂದೊಂದೇ ಆರಿಹೋಯ್ತು. ಅಕ್ಕ ಅಭ್ಯಾಸಬಲದಿಂದ "ಕರೆಂಟ್ ಹೋಯ್ತು ಕಣೆ" ಅಂತ ಮೊಬೈಲ್ ಟಾರ್ಚ್ ಹಾಕಿದ್ಲು. ಪಕ್ಕದ ಟೇಬಲಿಂದ ಒಬ್ಬರು ಅಜ್ಜಿ ಎದ್ದು ಬಂದು, ಏನೋ ಟರ್ಕಿಶಲ್ಲಿ ಹೇಳಿ, ಮೊಬೈಲನ್ನೇ ಮೆಲ್ಲಗೆ ಟೇಬಲ್ ಮೇಲೆ ಮಕಾಡೆ ಹಾಕಿ ಹೋದ್ರು. ಆಮೇಲೆ ಗೊತ್ತಾಯ್ತು, ಇದೆಲ್ಲ ಆಮೆಗೋಸ್ಕರ.

ಇಲ್ಲಿನ ಬೀಚ್ ಮೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, ಕಲ್ಲು ಮರಳು ಎರಡೂ ಕಲೆಸಿದ ದಡ. ಕರೆಟ್ಟಾ ಕರೆಟ್ಟಾ ಅನ್ನೋ ಕಡಲಾಮೆ ಬೇಸಿಗೇಲಿ ಬಂದು ಇಲ್ಲಿ ಮೊಟ್ಟೆ ಇಡುತ್ತೆ. ಐವತ್ತು ಅರವತ್ತು ದಿನ ಆದ್ಮೇಲೆ ಮರಿಗಳು ರಾತ್ರಿ ಹೊತ್ತು ಹೊರಗೆ ಬಂದು, ಎಲ್ಲಿ ಬೆಳಕು ಜಾಸ್ತಿಯೋ ಆ ಕಡೆ ಓಡ್ತಾವೆ. ಬೇರೆ ದೀಪ ಇಲ್ಲದಿದ್ರೆ ಅದು ಸಮುದ್ರದ ಕಡೆ. ಹೋಟೆಲ್ ಲೈಟ್ ಇದ್ರೆ ತೋಟದ ಕಡೆ ಹೋಗಿ, ಬೆಳಗಾಗೋ ಹೊತ್ತಿಗೆ ಒಣಗಿ ಸಾಯ್ತಾವೆ. ಗೂಡು ಇರೋ ಕಡೆಯೆಲ್ಲ ನರಿ ಅಗೆಯದ ಹಾಗೆ ತಂತಿಯ ಪಂಜರ ಊರಿದಾರೆ, ನಾವು ಹಗಲಲ್ಲಿ ಈಜೋಕೆ ಹೋದಾಗ ಟವೆಲ್ ಹಾಸಿದ್ದು ಅಂಥ ಒಂದು ಪಂಜರದ ಸ್ವಲ್ಪ ಪಕ್ಕದಲ್ಲೇ.

ನಮ್ಮ ಪೆನ್ಶನ್ ನೋಡ್ಕೋತಿದ್ದ ಹುಡುಗ ಅಂಟಾಲ್ಯದಲ್ಲಿ ಓದಿದವನು, ಇಂಗ್ಲಿಷ್ ಚೆನ್ನಾಗಿ ಬರ್ತಿತ್ತು. ಅವತ್ತು ರಾತ್ರಿ ಮಲ್ಬರಿ ಮರದ ಕೆಳಗೆ ಟೀ ತಂದಿಟ್ಟು ತಾನೂ ಕೂತ್ಕೊಂಡ. ನಾನು ಸುಮ್ನೆ ಒಂದು ಮಾತಿಗೆ, ಊರವರೆಲ್ಲ ಆಮೆ ಅಂದ್ರೆ ಎಷ್ಟು ಪ್ರೀತಿ ಇಟ್ಕೊಂಡಿದೀರಿ ಅಂದೆ. ನಕ್ಕುಬಿಟ್ಟ.

"ಪ್ರೀತಿನಾ? ನಮ್ಮಪ್ಪ ಆಮೆಗಳಿಗೆ ಬೈದಷ್ಟು ನಮ್ಮಮ್ಮಂಗೂ ಬೈದಿಲ್ಲ."

ಕಥೆ ಏನಂದ್ರೆ, ಅವರ ಚಿಕ್ಕಪ್ಪನ ಜಮೀನು ಇದ್ದದ್ದು ಕೆಮೆರ್ ಕಡೆ. ಹೋಟೆಲ್‌ನವರು ಬಂದಾಗ ಮಾರಿದ್ರು, ಸಿಟೀಲಿ ಫ್ಲಾಟ್ ತಗೊಂಡ್ರು, ಕಾರ್ ತಗೊಂಡ್ರು. ಇವರಪ್ಪನ ತೋಟ ಇರೋದು ಚಿರಾಲೀಲಿ. 1972ರಿಂದಲೇ ಇದು ನ್ಯಾಷನಲ್ ಪಾರ್ಕಿನ ಲೆಕ್ಕ, ಅದರ ಮೇಲೆ ಆಮೆ ಬೇರೆ, ಇರೋ ಮನೆ ಮೇಲೆ ಒಂದು ಅಂತಸ್ತು ಏರಿಸೋಕೂ ಬಿಡಲ್ಲ. ಹಬ್ಬಕ್ಕೆ ಅಣ್ಣ ತಮ್ಮ ಸೇರಿದಾಗೆಲ್ಲ ಇದೇ ಜಗಳ ಅಂತೆ, ಆಮೆ ನಿಂಗೆ ಬಾಡಿಗೆ ಕೊಡುತ್ತಾ ಅಂತ ಚಿಕ್ಕಪ್ಪ ಕಿಚಾಯಿಸೋದು, ಅಪ್ಪ ಊಟ ಬಿಟ್ಟು ಏಳೋದು.

"ಈಗ?" ಅಂದ್ಲು ಅಕ್ಕ.

"ಈಗ ಚಿಕ್ಕಪ್ಪ ಪ್ರತಿ ಆಗಸ್ಟಲ್ಲಿ ಫ್ಯಾಮಿಲಿ ಕರ್ಕೊಂಡು ಇಲ್ಲಿಗೇ ಬರ್ತಾರೆ, ಅಲ್ಲಿ ಟವೆಲ್ ಹಾಸೋಕೆ ಜಾಗ ಇಲ್ಲ ಅಂತ. ಅಪ್ಪ ಅವರ ಹತ್ರ ಫುಲ್ ರೇಟ್ ತಗೋತಾರೆ."

ಅಪ್ಪ ಅಲ್ಲೇ ಮೂಲೇಲಿ ಸಿಗರೇಟ್ ಸೇದ್ತಾ ಕೂತಿದ್ರು, ನಮ್ಮ ಮಾತು ಅರ್ಥ ಆಗದಿದ್ರೂ ಕರೆಟ್ಟಾ ಅನ್ನೋದು ಕೇಳಿಸಿದ ಕೂಡ್ಲೆ ಕೈ ಬೀಸಿ ಏನೋ ಅಂದ್ರು. ಬೈದಿದ್ದೇ ಇರ್ಬೇಕು.

ನಿಮ್ಮೂರಲ್ಲಿ ಆಮೆ ಬರುತ್ತಾ ಅಂತ ಅವನು ಕೇಳಿದ. ನಮ್ಮೂರು ಹೊನ್ನಾವರದ ಕಡೆ, ಬರುತ್ತೆ, ಬೇರೆ ಜಾತಿ, ಆಲಿವ್ ರಿಡ್ಲೆ, ನಮ್ಮಲ್ಲಿ ಚಳಿಗಾಲದಲ್ಲಿ ಬರೋದು, ಅರಣ್ಯ ಇಲಾಖೆಯವರು ಹೀಗೇ ಬಲೆ ಕಟ್ಟಿ ಗೂಡು ಕಾಯ್ತಾರೆ ಅಂದೆ. ಅಷ್ಟಕ್ಕೇ ನಿಲ್ಲಿಸ್ಬಹುದಿತ್ತು, ಆದ್ರೆ ಹೊನ್ನಾವರದ ಹತ್ರದ ಕಾಸರಕೋಡಿನ ವಿಷಯಾನೂ ಬಂತು, ಆಮೆ ಮೊಟ್ಟೆ ಇಡೋ ಅದೇ ದಡದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಜಗಳ ಆಡ್ತಿರೋದು, ಹೆಂಗಸರೂ ರಸ್ತೆಗೆ ಇಳಿದಿದ್ದು, ಕೇಸು ಕೋರ್ಟು. ಅವನಿಗೆ ಇದು ವಿಚಿತ್ರ ಅನ್ನಿಸ್ತು. ಅಂದ್ರೆ ನಿಮ್ಮಲ್ಲಿ ಊರವರೂ ಆಮೆಯೂ ಒಂದೇ ಪಾರ್ಟೀನಾ ಅಂದ. ಒಂಥರ ಹಂಗೇ ಅಂದೆ. ಯಾರು ಗೆದ್ರು ಅಂತ ಕೇಳಿದ. ಅದಕ್ಕೆ ಏನು ಹೇಳೋದು, ಇನ್ನೊಂದು ಟೀ ಹಾಕು ಅಂದೆ. ಹಾಲಿಲ್ಲದ ಟೀ, ಆ ಸೊಂಟ ಸಣ್ಣ ಇರೋ ಗ್ಲಾಸಲ್ಲಿ, ರಾತ್ರಿ ಹನ್ನೆರಡರವರೆಗೂ ಕುಡಿದ್ವಿ.

ಗೂಡು ನೋಡ್ಕೊಳ್ಳೋದು ಊರವರದ್ದೇ ಒಂದು ಸಹಕಾರ ಸಂಘ, ಬೇಸಿಗೇಲಿ ಕಾಲೇಜು ಹುಡುಗ ಹುಡುಗೀರು ವಾಲಂಟಿಯರ್ ಆಗಿ ಬರ್ತಾರೆ. ಒಂದು ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ದೂರದಿಂದ ಅವರ ಹಿಂದೆ ಹೋದ್ವಿ. ಆಟದ ಟ್ರ್ಯಾಕ್ಟರ್ ಓಡಿಸಿದ ಹಾಗೆ ಮರಳಲ್ಲಿ ಸಣ್ಣ ಸಣ್ಣ ಗೀರು, ಪಂಜರದಿಂದ ಸಮುದ್ರದವರೆಗೂ. ಮರಿ ಎಲ್ಲ ಹೋಗಿ ಆಗಿತ್ತು, ಒಂದು ಮಾತ್ರ ಉಳಿದಿತ್ತು. ಅಂಗೈಯಲ್ಲಿ ಹಿಡಿಸೋ ಸೈಜು, ಬೂದು ಬಣ್ಣ, ಮೈಮೇಲೆ ಇನ್ನೂ ಮರಳು, ಮುಂದಿನ ಎರಡು ರೆಕ್ಕೆ ಮಾತ್ರ ದೇಹಕ್ಕೆ ಹೋಲಿಸಿದ್ರೆ ತುಂಬ ದೊಡ್ಡದು. ನಮಗೆ ಪುಟ್ಟ ಬೆಣಚುಕಲ್ಲು ಅನ್ಸೋದು ಅದಕ್ಕೆ ಗುಡ್ಡ. ಹತ್ತುತ್ತೆ, ಬೆನ್ನಡಿಯಾಗಿ ಬೀಳುತ್ತೆ, ಕತ್ತು ನೆಲಕ್ಕೆ ಒತ್ತಿ ತಿರುಗುತ್ತೆ, ಸ್ವಲ್ಪ ಹೊತ್ತು ಸತ್ತ ಹಾಗೆ ಬಿದ್ದಿರುತ್ತೆ, ಮತ್ತೆ ಶುರು. ಎತ್ತಿ ನೀರಿಗೆ ಬಿಡಿ ಅಂತ ಅಕ್ಕ ಗೋಗರೆದ್ಲು. ವಾಲಂಟಿಯರ್ ಹುಡುಗಿ ತಲೆ ಅಲ್ಲಾಡಿಸಿದ್ಲು, ಅದು ತಾನೇ ನಡೀಬೇಕು ಅಂತ ಹೇಳಿ, ಬಿಸಿಲು ಬೀಳದ ಹಾಗೆ ಪಕ್ಕದಲ್ಲಿ ನಿಂತಳು ಅಷ್ಟೆ. ಕೊನೇಗೆ ಒಂದು ಅಲೆ ಬಂದು ಎಳ್ಕೊಂಡು ಹೋಯ್ತು, ಇನ್ನೊಂದು ಅಲೆ ವಾಪಸ್ ತಂದು ಹಾಕ್ತು, ಅಕ್ಕ ಕನ್ನಡದಲ್ಲಿ ಏನೇನೋ ಕಿರುಚಿದ್ಲು, ಮೂರನೇ ಅಲೆಗೆ ಹೋಯ್ತು. ಮೊಬೈಲ್ ತೆಗೀಬೇಕು ಅಂತ ಇಬ್ಬರಿಗೂ ಹೊಳೀಲಿಲ್ಲ.

ಮಧ್ಯದ ದಿನಗಳು ಈಜು, ನಿದ್ದೆ, ಊಟದಲ್ಲೇ ಕಳೆದ್ವು. ವೆಜಿಟೇರಿಯನ್‌ಗೆ ಕಷ್ಟ ಇಲ್ಲ, ಪಾಲಕ್ ಚೀಸ್ ಹಾಕಿದ ಗೊಜ್‌ಲೆಮೆ ಅನ್ನೋ ರೊಟ್ಟಿ, ಕೆಂಪು ಬೇಳೆ ಸೂಪು, ಉಪ್ಪು ಹಾಕಿದ ಐರಾನ್ ಅನ್ನೋ ಮಜ್ಜಿಗೆ ಎಲ್ಲ ಕಡೆ ಸಿಗುತ್ತೆ. ಬೆಳಗಿನ ತಿಂಡಿಗೆ ಹತ್ತು ಬಟ್ಟಲು ಇಡ್ತಾರಲ್ಲ, ಅದರಲ್ಲಿ ಆಲಿವ್ ಮಾತ್ರ ನಂಗೆ ಕೊನೇವರೆಗೂ ಸೇರಲಿಲ್ಲ. ತಾಹ್ತಲಿ ಬೆಟ್ಟಕ್ಕೆ, 2,365 ಮೀಟರ್ ಎತ್ತರಕ್ಕೆ, ಕೇಬಲ್ ಕಾರ್ ಇದೆ, ಮೇಲೆ ಹೋದ್ರೆ ಮೋಡ, ಕೆಫೆ, ಸೆಲ್ಫಿ. ಆ ದುಡ್ಡು ಉಳಿಸಿ ಲಿಸಿಯನ್ ವೇ ದಾರೀಲಿ ನಡೀರಿ, ಐನೂರು ಕಿಲೋಮೀಟರ್ ಮೀರಿದ ಆ ಕಾಲುದಾರಿ ಈ ಊರಿನ ಮೇಲೇ ಹಾದು ಹೋಗುತ್ತೆ, ಕಲ್ಲು ಮರದ ಮೇಲೆಲ್ಲ ಕೆಂಪು ಬಿಳಿ ಪಟ್ಟಿ ಬಳಿದಿರ್ತಾರೆ. ಬೀಚಿನ ದಕ್ಷಿಣ ತುದೀಲಿ ಒಲಿಂಪೋಸಿನ ಹಾಳು ಪಟ್ಟಣ, ಅಲ್ಲಿ ಎವ್ಡೆಮೋಸ್ ಅನ್ನೋ ಹಡಗಿನ ಕ್ಯಾಪ್ಟನ್ ಒಬ್ಬನ ಕಲ್ಲಿನ ಸಮಾಧಿ, ಅದರ ಮೇಲೆ ಒಂದು ಹಡಗು ಕೆತ್ತಿದಾರೆ. ಆ ಪಟ್ಟಣದಲ್ಲಿ ಒಂದೇ ಒಂದು ಕಲ್ಲು ನೋಡೋದಾದ್ರೆ ಅದನ್ನ ನೋಡಿ.

ಬಂಡೆಯಿಂದಲೇ ಬೆಂಕಿ ಬರೋ ಯಾನರ್ತಾಶ್ ಗುಡ್ಡಕ್ಕೆ ಕತ್ತಲಾದ ಮೇಲೆ ಹೋಗ್ಬೇಕು. ಟಿಕೆಟ್ ಗೇಟಿಂದ ಸುಮಾರು ಒಂದು ಕಿಲೋಮೀಟರ್ ಕಲ್ಲು ಮೆಟ್ಟಿಲು, ದಾರಿದೀಪ ಇಲ್ಲ. ಮೇಲೆ ಹತ್ತಿದ್ರೆ ಬೋಳು ಬಂಡೆ, ಬಂಡೆಯ ಸೀಳುಗಳಿಂದ ಬೆಂಕಿ, ಮೊಣಕಾಲೆತ್ತರ ಕೆಲವು, ಗೇಣುದ್ದ ಕೆಲವು. ಕಟ್ಟಿಗೆ ಇಲ್ಲ, ಎಣ್ಣೆ ಇಲ್ಲ. ಸಿಂಹದ ತಲೆ, ಆಡಿನ ಮೈ, ಹಾವಿನ ಬಾಲದ ಕಿಮೇರ ಅನ್ನೋ ಬೆಂಕಿ ಉಗುಳೋ ಪ್ರಾಣಿಯ ಗ್ರೀಕ್ ಕಥೆಯನ್ನ ಈ ಜಾಗಕ್ಕೇ ಸೇರಿಸ್ತಾರೆ. ನಿಜದಲ್ಲಿ ಅದು ಮೀಥೇನ್. ಭೂಮಿಯ ಒಳಪದರದಿಂದ ಮೇಲೆ ಬಂದ ಒಂದು ಜಾತಿ ಬಂಡೆ ನೀರಿನ ಜೊತೆ ಸೇರಿದಾಗ ಹೈಡ್ರೋಜನ್ ಬಿಡುತ್ತೆ, ಅದು ಕಾರ್ಬನ್ ಜೊತೆ ಸೇರಿ ಮೀಥೇನ್ ಆಗುತ್ತೆ, ಇಲ್ಲಿನ ಮೀಥೇನಲ್ಲಿ ದೊಡ್ಡ ಪಾಲು ಗಿಡ ಪ್ರಾಣಿ ಕೊಳೆತು ಆಗಿದ್ದಲ್ಲ, ಹಾಗಾಗಿ ಭೂವಿಜ್ಞಾನಿಗಳಿಗೆ ಈ ಗುಡ್ಡದ ಮೇಲೆ ವಿಶೇಷ ಆಸಕ್ತಿ. ಕೆಳಗಡೆ ಹೆಫೈಸ್ಟಸ್ ದೇವರ ಗುಡಿಯ ಅವಶೇಷ ಬಿದ್ದಿದೆ. ಹೀಗೇ ಬಂಡೆಯಿಂದ ಬೆಂಕಿ ಬರೋ ಹಿಮಾಚಲದ ಜ್ವಾಲಾಮುಖಿ ದೇವಸ್ಥಾನ ನೆನಪಾಗಿ ಅಕ್ಕ ಚಪ್ಪಲಿ ಬಿಟ್ಟು ಕೈ ಮುಗಿದ್ಲು. ಅವಳ ಪಕ್ಕದಲ್ಲೇ ಒಂದು ಗುಂಪು ಕಡ್ಡಿಗೆ ಸಾಸೇಜ್ ಚುಚ್ಚಿ ಸುಡ್ತಿತ್ತು. ನಂಗೆ ಅದೇನೋ ಇಷ್ಟ ಆಗಲಿಲ್ಲ, ಅಕ್ಕ ಮಾತ್ರ "ಬೆಂಕಿ ಇರೋದೇ ಅದಕ್ಕಲ್ವೇನೆ" ಅಂದ್ಲು.

ಟಾರ್ಚ್ ಒಬ್ಬೊಬ್ಬರಿಗೆ ಒಂದೊಂದು ಇರಲಿ, ಶೂ ಹಾಕ್ಕೊಂಡು ಹೋಗಿ, ಹತ್ತೋದಕ್ಕಿಂತ ಇಳಿಯೋದು ಕಷ್ಟ. ಆಮೆ ಮರಿ ನೋಡ್ಬೇಕು ಅಂದ್ರೆ ಆಗಸ್ಟಲ್ಲಿ ಹೋಗಿ, ಸೆಪ್ಟೆಂಬರ್ ಶುರುವಾದ್ರೂ ಪರವಾಗಿಲ್ಲ. ಬೆಂಕಿಗೆ ಸೀಸನ್ ಇಲ್ಲ, ಆದ್ರೆ ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಆಗ ಆ ಮೆಟ್ಟಿಲು ಜಾರುತ್ತಂತೆ.