ಶಾರ್ಕ್‌ಗೆ ಊಟ ಹಾಕಿ ತೋರಿಸುವ ಜಾಗಕ್ಕೆ ಹೋಗಬಹುದಾ?

ಕಳೆದ ತಿಂಗಳು ಅತ್ತಿಗೆ ಫೋನ್ ಮಾಡಿದ್ದರು. ರಜೆಗೆ ಫಿಲಿಪ್ಪೀನ್ಸ್‌ಗೆ ಹೊರಟಿದ್ದಾರೆ. ಅಲ್ಲಿ ಸೆಬು ದ್ವೀಪದ ಓಸ್ಲೊಬ್ ಅನ್ನೋ ಊರಲ್ಲಿ ಜೀಪಿಗಿಂತ ಉದ್ದದ ವೇಲ್ ಶಾರ್ಕ್‌ಗಳ ಪಕ್ಕದಲ್ಲೇ ಈಜಬಹುದಂತೆ, ಮಕ್ಕಳು ಆಗಲೇ ಕುಣಿಯುತ್ತಿದ್ದಾರೆ. ಆದರೆ ಯಾರೋ ಇನ್‌ಸ್ಟಾಗ್ರಾಮ್‌ನಲ್ಲಿ ಅಲ್ಲಿಗೆ ಹೋಗುವುದೇ ಪಾಪ ಅಂತ ಬರೆದದ್ದನ್ನೂ ಓದಿದ್ದಾರೆ. "ಹೋಗ್ಲಾ ಬೇಡ್ವಾ? ಒಂದೇ ಮಾತಲ್ಲಿ ಹೇಳು ಮಾರಾಯ."

ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಆ ಹುಚ್ಚು ಹತ್ತಿಸಿಕೊಂಡ ಮೇಲೆ ನೆಂಟರು, ಆಫೀಸಿನವರು, ಗುರುತೇ ಇಲ್ಲದವರು ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಶಾರ್ಕ್‌ಗೆ, ತೊರಕೆಗೆ (ತಟ್ಟೆಯಂತೆ ಚಪ್ಪಟೆಯಾದ ಸ್ಟಿಂಗ್‌ರೇ ಮೀನಿಗೆ) ತಿಂಡಿ ಹಾಕಿ ಕರೆಸಿ ಜನರಿಗೆ ತೋರಿಸುವುದು ಸರಿಯಾ ತಪ್ಪಾ? ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಆ ಜಾಗದಲ್ಲಿ ಮೀನುಗಳ ಲೆಕ್ಕ ಇಡುವವರು ಯಾರಾದರೂ ಇದ್ದಾರಾ, ಇದ್ದರೆ ಅವರ ಲೆಕ್ಕವನ್ನು ಯಾರಾದರೂ ಕೇಳುತ್ತಾರಾ?

ಮೀನಿಗೆ ತಿನ್ನಿಸುವುದು ನಮಗೇನೂ ಹೊಸದಲ್ಲ. ಶೃಂಗೇರಿಗೆ ಹೋದರೆ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎಸೆಯದೆ ಬರುವವರು ಯಾರು? ನಾನಂತೂ ಚಿಕ್ಕಂದಿನಿಂದ ಎಸೆದವನೇ. ಆ ಕರಿ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುವಾಗ ಎಷ್ಟು ಮೀನುಗಳಿವೆ, ಹೋದ ವರ್ಷದವೇ ಈ ವರ್ಷವೂ ಇವೆಯಾ, ಮಂಡಕ್ಕಿ ಇಲ್ಲದಿದ್ದರೆ ಇವು ಇಲ್ಲೇ ಇರುತ್ತಿದ್ದವಾ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಓಸ್ಲೊಬ್‌ಗೆ ಹೋಗಿ ಬಂದ ಮೇಲೆ ಯೋಚಿಸತೊಡಗಿದೆ.

ಹೌದು, ನಾನೂ ಹೋಗಿದ್ದೆ. ಮುಚ್ಚಿಡುವುದೇನು.

ಓಸ್ಲೊಬ್ ಕತೆ ಹೀಗಿದೆ. ತಾನ್-ಅವಾನ್ ಅನ್ನೋದು ಅಲ್ಲಿನ ಒಂದು ಮೀನುಗಾರರ ಹಳ್ಳಿ. ಮೀನುಗಾರರು ಹಿಡಿಯುತ್ತಿದ್ದ ಪುಟ್ಟ ಸೀಗಡಿಯ ವಾಸನೆಗೆ ವೇಲ್ ಶಾರ್ಕ್‌ಗಳು ದೋಣಿಯ ಹತ್ತಿರ ಬರುತ್ತಿದ್ದವು. ಬಲೆಯ ಹತ್ತಿರ ಬಾರದಿರಲಿ ಅಂತ ಅದೇ ಸೀಗಡಿ ಎಸೆದು ಅವನ್ನು ಆಚೆ ಕರೆದೊಯ್ಯುತ್ತಿದ್ದರು. ಅದನ್ನು ನೋಡಿದ ಪ್ರವಾಸಿಗಳು ನಾವೂ ನೀರಿಗಿಳಿಯುತ್ತೇವೆ ಅಂದರು. 2011ರ ಕೊನೆಯ ಹೊತ್ತಿಗೆ ಅದೇ ದಂಧೆಯಾಯಿತು. ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ, ಸಣ್ಣ ದೋಣಿಯಲ್ಲಿ ಕೂತವನು ಮುಷ್ಟಿ ಮುಷ್ಟಿ ಸೀಗಡಿ ಹಾಕುತ್ತಾ ಹೋಗುತ್ತಾನೆ. ಶಾರ್ಕ್ ನೀರಲ್ಲಿ ನೆಟ್ಟಗೆ ನಿಂತು, ಬಾಯಿ ಅಗಲಿಸಿ, ಪಂಪಿನ ಹಾಗೆ ನೀರು ಎಳೆಯುತ್ತದೆ. ಪಕ್ಕದಲ್ಲಿ ಲೈಫ್ ಜಾಕೆಟ್ ಹಾಕಿಕೊಂಡ ಸಾಲು ಸಾಲು ಜನ, ಎಲ್ಲರ ಕೈಯಲ್ಲೂ ಕ್ಯಾಮೆರಾ. ಬಂದ ದುಡ್ಡಿನಲ್ಲಿ ನೂರಕ್ಕೆ 60 ಪಾಲು ಮೀನುಗಾರರ ಸಂಘಕ್ಕೆ, 30 ಪಾಲು ಪಟ್ಟಣದ ಆಡಳಿತಕ್ಕೆ, 10 ಪಾಲು ಹಳ್ಳಿಗೆ. ಈ 60-30-10 ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ವೇಲ್ ಶಾರ್ಕ್ ಅಂದರೆ ಹೆದರುವಂಥದ್ದೇನಲ್ಲ. ಜಗತ್ತಿನ ಅತಿ ದೊಡ್ಡ ಮೀನು ಹೌದು, ಆದರೆ ತಿನ್ನುವುದು ಹೆಚ್ಚಾಗಿ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು. ನಮ್ಮ ಕರಾವಳಿಯ ಬಲೆಗೂ ಅಪರೂಪಕ್ಕೆ ಬೀಳುತ್ತದೆ. ಗುಜರಾತಿನಲ್ಲಿ ಒಂದು ಕಾಲಕ್ಕೆ ರಾಶಿ ರಾಶಿ ಹಿಡಿಯುತ್ತಿದ್ದರು. 2001ರಲ್ಲಿ ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಸಿಕ್ಕ ಮೇಲೆ ಅಲ್ಲಿನ ಮೀನುಗಾರರು ಬಲೆ ಕತ್ತರಿಸಿ ಬಿಡುವುದನ್ನು ರೂಢಿ ಮಾಡಿಕೊಂಡರು.

ಈಗ ಎಣಿಕೆಗೆ ಬರೋಣ. ಓಸ್ಲೊಬ್‌ನಲ್ಲಿ ದಿನಕ್ಕೆ ಹತ್ತು ಶಾರ್ಕ್ ಕಂಡವು ಅಂದುಕೊಳ್ಳಿ. ನಾಳೆಯೂ ಹತ್ತು. ಅವು ಇಪ್ಪತ್ತಾ ಹತ್ತಾ? ಮದುವೆ ಮನೆಯಲ್ಲಿ ಎಲೆ ಎಣಿಸಿ ಎಷ್ಟು ಜನ ಬಂದರು ಅಂತ ಹೇಳಿದ ಹಾಗೆ ಇದು. ಎರಡು ಪಂಕ್ತಿಯಲ್ಲೂ ಕೂತವನನ್ನು ಹಿಡಿಯುವುದು ಹೇಗೆ? ಮುಖ ಗೊತ್ತಿದ್ದರೆ ಮಾತ್ರ ಅಲ್ವಾ. ವೇಲ್ ಶಾರ್ಕ್‌ನ ಮುಖ ಅದರ ಪಕ್ಕೆಯಲ್ಲಿದೆ. ಮೈ ಮೇಲಿನ ಬಿಳಿ ಚುಕ್ಕೆಗಳು ಒಂದೊಂದರಲ್ಲೂ ಬೇರೆ ಬೇರೆ, ನಮ್ಮ ಬೆರಳಚ್ಚಿನ ಹಾಗೆ. ಕಿವಿರು ಸೀಳುಗಳ ಹಿಂದೆ, ಈಜುರೆಕ್ಕೆಯ ಮೇಲೆ, ಎಡ ಪಕ್ಕೆಯ ಫೋಟೊ ತೆಗೆಯುವುದು ಎಲ್ಲರೂ ಒಪ್ಪಿದ ರೂಢಿ. ಆ ಚುಕ್ಕೆಗಳನ್ನು ಹೋಲಿಸಲು ಕಂಪ್ಯೂಟರ್‌ಗೆ ಕಲಿಸಿದ ಬಗೆ ಕೇಳಿದರೆ ಮಜಾ ಅನಿಸುತ್ತದೆ. 1986ರಲ್ಲಿ ಎಡ್ವರ್ಡ್ ಗ್ರಾತ್ ಅನ್ನೋ ಖಗೋಳ ವಿಜ್ಞಾನಿ, ಎರಡು ಫೋಟೊಗಳಲ್ಲಿರುವುದು ಅದೇ ನಕ್ಷತ್ರಗಳಾ ಅಂತ ತಾಳೆ ನೋಡಲು ತ್ರಿಕೋನಗಳ ಲೆಕ್ಕ ಮಾಡಿದ್ದರು. 2005ರಲ್ಲಿ ಮೂವರು ಸೇರಿ ಅದನ್ನೇ ತಂದು ಶಾರ್ಕ್‌ನ ಚುಕ್ಕೆಗಳಿಗೆ ಹಾಕಿದರು. ಇವತ್ತು ಯಾರೇ ಪ್ರವಾಸಿ ಎಡ ಪಕ್ಕೆಯ ಒಂದು ಸ್ಪಷ್ಟ ಫೋಟೊ ಕಳಿಸಿದರೆ, ಅದು ಮೊದಲೇ ಹೆಸರಿದ್ದ ಶಾರ್ಕಾ ಹೊಸದಾ ಅಂತ ಜಾಗತಿಕ ಪಟ್ಟಿಯಲ್ಲಿ ಹುಡುಕಬಹುದು.

ಓಸ್ಲೊಬ್‌ನಲ್ಲಿ ಲಾಮೇವ್ ಅನ್ನೋ ಫಿಲಿಪ್ಪೀನ್ಸ್‌ನ ಸಂಶೋಧನಾ ಸಂಸ್ಥೆ 2012ರ ಮಾರ್ಚ್‌ನಿಂದ ಹೀಗೆ ಎಡ ಪಕ್ಕೆ ಹುಡುಕುತ್ತಾ ವರ್ಷಗಟ್ಟಲೆ ನೀರಿಗಿಳಿದಿದೆ. ಅವರ ಲೆಕ್ಕದಿಂದ ಗೊತ್ತಾದದ್ದು: ಬರುವವುಗಳಲ್ಲಿ ಬಹುಪಾಲು ಇನ್ನೂ ಬಲಿಯದ ಗಂಡುಗಳು. ಹೆಚ್ಚಿನವು ಸ್ವಲ್ಪ ದಿನ ಇದ್ದು ಹೊರಟುಹೋಗುತ್ತವೆ, ಕೆಲವು ಮಾತ್ರ ಊಟದ ರುಚಿ ಹತ್ತಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಇರುತ್ತವೆ. ತಿನ್ನಲು ಬರುವವು ಉಳಿದವುಗಳಿಗಿಂತ ಜಾಸ್ತಿ ದಿನ ನಿಲ್ಲುತ್ತವೆ. ಮೈ ಮೇಲಿನ ಗಾಯದ ಕಲೆಗಳ ಲೆಕ್ಕವೂ ಇದೆ: ಗುರುತಿಸಿದವುಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿಗೆ ಕಲೆ. ದೋಣಿ ಅಂದರೆ ಊಟ ಅಂತ ಕಲಿತ ಮೀನು ಬೇರೆ ಕಡೆಯ ದೋಣಿಗೂ ಹೋಗಿ ಮೂತಿ ತಾಗಿಸೀತು ಅನ್ನೋ ಭಯ ಅಲ್ಲಿನವರಿಗೆ ಇರುವುದು ಸುಮ್ನೆ ಅಲ್ಲ.

ಇನ್ನೊಂದು ಲೆಕ್ಕ ಇದೆ, ಅದು ಮೀನಿನದ್ದಲ್ಲ, ನಮ್ಮದು. ನೀರಿಗಿಳಿದವರು ಶಾರ್ಕ್‌ನಿಂದ ಇಷ್ಟು ದೂರ ಇರಬೇಕು, ಮುಟ್ಟಬಾರದು ಅಂತ ಅಲ್ಲಿ ನಿಯಮ ಉಂಟು. ಸಂಶೋಧಕರು ಕೂತು ನೋಡಿದರೆ ದೂರದ ನಿಯಮ ಮುರಿಯುವುದೇ ಮಾಮೂಲು, ಪಾಲಿಸುವುದೇ ಅಪರೂಪ. ನಾನು ಹೋದಾಗಲೂ ಹಾಗೇ. ದಡದಲ್ಲಿ ಐದು ನಿಮಿಷ ನಿಯಮ ಹೇಳಿದರು, ನೀರಲ್ಲಿ ಶಾರ್ಕೇ ನನ್ನ ಕಡೆ ಬಂತು, ಹಿಂದೆ ಸರಿಯಲು ಜಾಗ ಇಲ್ಲ, ಬೆನ್ನಿಗೆ ಇನ್ನೊಬ್ಬನ ಕಾಲು. ನಿಯಮ ಮುರಿದವರ ಪಟ್ಟಿಯಲ್ಲಿ ನಾನೂ ಒಬ್ಬ.

ಇಷ್ಟೆಲ್ಲ ಎಣಿಸಿಯೂ ಊಟ ಹಾಕುವುದು ನಿಂತಿಲ್ಲ. ಆ 60-30-10 ನೆನಪಿದೆಯಲ್ಲ? ಮೀನು ಹಿಡಿದರೆ ಕೈಗೆ ಸಿಗುತ್ತಿದ್ದದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬೆಂಗಳೂರಲ್ಲಿ ಕೂತು ಅವರನ್ನು ಬೈಯುವ ಧೈರ್ಯ ನನಗಿಲ್ಲ. ಆದರೆ ಲೆಕ್ಕ ಕೈಗೆ ಕೊಟ್ಟ ಮೇಲೂ ಅದನ್ನು ಓದಬೇಕಾದವರು ಆ ಕಡೆ ನೋಡುತ್ತಿದ್ದರೆ ಎಣಿಕೆ ಬರೀ ಎಣಿಕೆಯಾಗಿ ಉಳಿಯುತ್ತದೆ.

ಎಣಿಕೆಗೆ ಕಿವಿಗೊಟ್ಟ ಜಾಗವೂ ಇದೆ. ಕೆರಿಬಿಯನ್ ಕಡಲಿನ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಸ್ಟಿಂಗ್‌ರೇ ಸಿಟಿ ಅಂತ ಒಂದು ಮರಳು ದಿಬ್ಬ, ನೀರು ಸೊಂಟದ ತನಕ. ಮೀನುಗಾರರು ಅಲ್ಲಿ ದೋಣಿ ನಿಲ್ಲಿಸಿ ಮೀನು ಶುಚಿ ಮಾಡಿ ಕರುಳು ಎಸೆಯುತ್ತಿದ್ದರು, ತೊರಕೆಗಳು ಸೇರುತ್ತಿದ್ದವು. 1980ರ ದಶಕದಲ್ಲಿ ಡೈವರ್‌ಗಳು ಕೈಯಾರೆ ಬೊಂಡಾಸ್ (ಸ್ಕ್ವಿಡ್) ತಿನ್ನಿಸತೊಡಗಿದರು. ಆಮೇಲೆ ಕ್ರೂಸ್ ಹಡಗುಗಳು ಬಂದವು, ಜನರ ಜಾತ್ರೆ.

2002ರಿಂದ ಅಲ್ಲಿ ಗೈ ಹಾರ್ವಿ ಸಂಶೋಧನಾ ಸಂಸ್ಥೆಯವರು ಸರ್ಕಾರದ ಪರಿಸರ ಇಲಾಖೆಯ ಜತೆ ಸೇರಿ ಲೆಕ್ಕ ಇಡುತ್ತಿದ್ದಾರೆ. ತೊರಕೆಗೆ ಚುಕ್ಕೆ ಇಲ್ಲ, ಎಲ್ಲವೂ ಒಂದೇ ಬೂದು ತಟ್ಟೆ. ಹಾಗಾಗಿ ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಚರ್ಮದ ಕೆಳಗೆ ಇಡುತ್ತಾರೆ. ಬಲೆಯಲ್ಲಿ ಎತ್ತಿ, ನೀರು ತುಂಬಿದ ತೊಟ್ಟಿಯಲ್ಲಿ ಹಾಕಿ, ಬಾಲದ ಮುಳ್ಳು ತಾಗದಂತೆ ಜೋಪಾನ ಮಾಡಿ, ಅಗಲ ಅಳೆದು, ರಕ್ತ ತೆಗೆದು ಬಿಡುತ್ತಾರೆ. ಮತ್ತೊಮ್ಮೆ ಸಿಕ್ಕರೆ ಸ್ಕ್ಯಾನರ್ ಹಿಡಿದರಾಯಿತು, ನಂಬರ್ ಬರುತ್ತದೆ.

ಈ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆ. ಸಂಶೋಧಕರು ತಿಂಡಿ ಸಿಗುವ ತೊರಕೆಗಳನ್ನು ಮಾತ್ರ ನೋಡಲಿಲ್ಲ. ಅದೇ ದ್ವೀಪದ ಇನ್ನೊಂದು ಕಡೆ, ಪ್ರವಾಸಿಗಳ ಮುಖವನ್ನೇ ಕಾಣದ ತೊರಕೆಗಳನ್ನೂ ಹಿಡಿದು ಪಕ್ಕಪಕ್ಕ ಇಟ್ಟು ನೋಡಿದರು. ಆಗ ವ್ಯತ್ಯಾಸ ಎದ್ದು ಕಂಡಿತು. ಕಾಡು ತೊರಕೆ ರಾತ್ರಿ ಓಡಾಡಿ ಬೇಟೆಯಾಡುತ್ತದೆ, ಹಗಲು ಮರಳಲ್ಲಿ ಮಲಗುತ್ತದೆ. ಇಲ್ಲಿಯದು ಪೂರ್ತಿ ಉಲ್ಟಾ, ಪ್ರವಾಸಿ ದೋಣಿಗಳ ಟೈಮ್‌ಟೇಬಲ್‌ನಂತೆ ಹಗಲಿಡೀ ಡ್ಯೂಟಿ. ಓಡಾಡುವ ಜಾಗವೂ ಚಿಕ್ಕದಾಗಿದೆ. ಒಂಟಿಯಾಗಿ ಇರಬೇಕಾದ ಮೀನು ಗುಂಪಲ್ಲಿ ಇರುವುದರಿಂದ ಒಂದನ್ನೊಂದು ಕಚ್ಚಿದ ಗುರುತು, ದೋಣಿಯ ಗಾಯ, ಮೈ ಮೇಲೆ ಪರೋಪಜೀವಿಗಳು ಎಲ್ಲವೂ ಜಾಸ್ತಿ. ರಕ್ತದಲ್ಲಿ ನೋಡಿದರೆ ಆರೋಗ್ಯವೂ ಸ್ವಲ್ಪ ಕಮ್ಮಿ, ಕೊಬ್ಬಿನ ಗುಣ ಕೂಡ ಬೊಂಡಾಸ್ ತಿಂದವರದ್ದು. ದಿಬ್ಬದ ಮೇಲೆ ನಿಂತು ನೋಡಿದವನಿಗೆ ಕಾಣುವುದು ದುಂಡಗೆ ಬೆಳೆದ, ಮಡಿಲಿಗೆ ಹತ್ತುವ ಸಾಧು ಮೀನು. ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದು ಇಲ್ಲದಿದ್ದರೆ ಇದು ಯಾವುದೂ ಗೊತ್ತಾಗುತ್ತಲೇ ಇರಲಿಲ್ಲ.

2012ರ ಎಣಿಕೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ನಾಲ್ಕೈದು ವರ್ಷದ ಹಿಂದೆ ನೂರರ ಆಸುಪಾಸು ಇದ್ದ ತೊರಕೆಗಳು ಅರವತ್ತರ ಆಸುಪಾಸಿಗೆ ಇಳಿದಿದ್ದವು. ಮರುವರ್ಷ, 2013ರಲ್ಲಿ, ಕೇಮನ್ ಸರ್ಕಾರ ತನ್ನ ಇಡೀ ಕಡಲಲ್ಲಿ ತೊರಕೆಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಆಮೇಲಿನ ಎಣಿಕೆಗಳಲ್ಲಿ ಸಂಖ್ಯೆ ಮತ್ತೆ ಏರಿತು. ಹತ್ತು ವರ್ಷದ ಹಳೇ ಪುಸ್ತಕ ಕೈಯಲ್ಲಿ ಇದ್ದದ್ದರಿಂದಲೇ ಈ ಮಾತು ನಡೆಯಿತು. ಇಲ್ಲದಿದ್ದರೆ ದೋಣಿಯವರು "ಯಾಕೋ ಈಚೆಗೆ ಕಮ್ಮಿ ಕಾಣ್ತವೆ" ಅಂದುಕೊಂಡು ಸುಮ್ಮನಾಗುತ್ತಿದ್ದರು.

ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳದ್ದೂ ಇಂಥದ್ದೇ. ಅಲ್ಲಿ ಪಂಜರದಲ್ಲಿ ಇಳಿಸಿ ಗ್ರೇಟ್ ವೈಟ್ ಶಾರ್ಕ್ ತೋರಿಸುತ್ತಾರೆ. ಮೀನಿನ ರಕ್ತ, ಎಣ್ಣೆಯ ವಾಸನೆ ನೀರಿಗೆ ಬಿಟ್ಟು ಕರೆಯುವುದು. ಶಾರ್ಕ್‌ಗೆ ಸದ್ದು ಮಾಡುವ ಟ್ಯಾಗ್ ಹಾಕಿ, ನೀರಡಿಯಲ್ಲಿ ಅದನ್ನು ಕೇಳಿಸಿಕೊಳ್ಳುವ ಯಂತ್ರ ಇಟ್ಟಿದ್ದರು. 2007ರ ನಂತರ ದೋಣಿ ಹೋಗುವ ದಿನಗಳು ದುಪ್ಪಟ್ಟಾದವು, ಶಾರ್ಕ್‌ಗಳು ಅಲ್ಲಿ ನಿಲ್ಲುವ ದಿನಗಳೂ ಬೆಳೆದವು. ಸರ್ಕಾರ ವಾರಕ್ಕೆ ಇಷ್ಟೇ ದಿನ ಅಂತ ಕಡಿತ ಮಾಡಿತು. ಮುಂದಿನ ವರ್ಷಗಳ ಲೆಕ್ಕದಲ್ಲಿ ನಿಲ್ಲುವ ದಿನಗಳು ಮತ್ತೆ ಇಳಿದವು. ಶಾರ್ಕ್ ತೋರಿಸುವುದು ನಿಲ್ಲಲಿಲ್ಲ, ಕೆಲಸವೂ ಹೋಗಲಿಲ್ಲ.

ಊಹೆ ಮಾಡಿ ಹೇಳುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ, ಅದಕ್ಕೂ ಕಾರಣ ಇದೆ. 2001ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯ ತನ್ನ ಕಡಲಲ್ಲಿ ಡೈವರ್‌ಗಳು ಶಾರ್ಕ್‌ಗೆ ತಿಂಡಿ ಹಾಕುವುದನ್ನು ನಿಷೇಧಿಸಿತು. ಪಕ್ಕದ ದೇಶ ಬಹಾಮಾಸ್‌ನಲ್ಲಿ ಅದು ನಡೆಯುತ್ತಲೇ ಇತ್ತು. ಬಿಟ್ಟಿ ಊಟ ಸಿಗುವ ಬಹಾಮಾಸ್‌ನ ಟೈಗರ್ ಶಾರ್ಕ್‌ಗಳು ಮನೆ ಅಳಿಯನ ಹಾಗೆ ಅಲ್ಲೇ ಬಿದ್ದಿರುತ್ತವೆ ಅಂತ ಯಾರಾದರೂ ಅಂದುಕೊಳ್ಳುವುದು ಸಹಜ. ಉಪಗ್ರಹದ ಟ್ಯಾಗ್ ಹಾಕಿ ನೋಡಿದ 2012ರ ಅಧ್ಯಯನದಲ್ಲಿ ಕಂಡದ್ದು ಉಲ್ಟಾ: ಫ್ಲಾರಿಡಾದವುಗಳಿಗಿಂತ ಬಹಾಮಾಸ್‌ನವೇ ಜಾಸ್ತಿ ದೂರ ತಿರುಗಾಡಿದ್ದವು. ಒಂದು ಜಾತಿಗೆ, ಒಂದು ಊರಿಗೆ ನಿಜವಾದದ್ದು ಇನ್ನೊಂದಕ್ಕೆ ನಿಜ ಆಗಬೇಕಿಲ್ಲ. ಫಿಜಿಯ ಶಾರ್ಕ್ ರೀಫ್‌ನಲ್ಲಂತೂ ಬುಲ್ ಶಾರ್ಕ್‌ಗಳಿಗೆ ತಿನ್ನಿಸುವ ಜಾಗವನ್ನೇ ಮೀನು ಹಿಡಿಯದ ರಕ್ಷಿತ ಜಾಗ ಮಾಡಿ, ಪ್ರತಿ ಡೈವರ್‌ನಿಂದ ಹಳ್ಳಿಗಳಿಗೆ ದುಡ್ಡು ಕೊಡಿಸುತ್ತಾರೆ. ಅಲ್ಲಿನ ಗೈಡ್‌ಗಳೇ ಡೈವ್ ಡೈವ್‌ಗೂ ಶಾರ್ಕ್ ಎಣಿಸಿ ಬರೆದಿಡುತ್ತಾರೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಊಟ ಬಿಟ್ಟು ಶಾರ್ಕ್‌ಗಳು ಹೊರಟುಹೋಗುವುದು ಆ ಪುಸ್ತಕದಲ್ಲೇ ಗೊತ್ತಾಗುತ್ತದೆ, ಸಂಸಾರದ ಕರೆ ಬಿಟ್ಟಿ ಊಟಕ್ಕಿಂತ ಗಟ್ಟಿ.

ಅತ್ತಿಗೆಗೆ ಇಷ್ಟೆಲ್ಲ ಹೇಳಲಿಲ್ಲ, ಹೇಳಿದ್ದರೆ ಫೋನ್ ಇಡುತ್ತಿದ್ದರು. ಬುಕ್ ಮಾಡುವ ಮೊದಲು ದೋಣಿಯವರನ್ನು ಒಂದೆರಡು ವಿಷಯ ಕೇಳಿ ಅಂದೆ. ಇಲ್ಲಿನ ಶಾರ್ಕ್‌ಗಳ ಲೆಕ್ಕ ಯಾರು ಇಡ್ತಾರೆ, ಎಷ್ಟು ವರ್ಷದಿಂದ? ಆ ಲೆಕ್ಕ ನೋಡಿ ಇಲ್ಲಿ ಏನಾದರೂ ಬದಲಾಗಿದೆಯಾ, ದೋಣಿ ಕಮ್ಮಿ ಆಯ್ತಾ, ರಜಾ ದಿನ ಬಂತಾ? "ನಮ್ಮಲ್ಲಿ ಶಾರ್ಕ್ ಗ್ಯಾರಂಟಿ" ಅನ್ನುವುದು ಒಂದೇ ಉತ್ತರವಾದರೆ ಹುಷಾರು. ಕಡಲಲ್ಲಿ ಗ್ಯಾರಂಟಿ ಅಂದರೆ ಯಾರೋ ಊಟ ಹಾಕುತ್ತಿದ್ದಾರೆ ಅಂತಲೇ ಅರ್ಥ.

"ಮತ್ತೆ ನೀನು ಹೋಗಿದ್ದಾಗ ಕೇಳಿದ್ಯಾ?" ಅಂದರು. ಇಲ್ಲ. ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ. ತಂದ ನಲವತ್ತು ಫೋಟೊಗಳಲ್ಲಿ ಎಡ ಪಕ್ಕೆ ಸರಿಯಾಗಿ ಬಂದದ್ದು ಒಂದೂ ಇಲ್ಲ, ಎಲ್ಲದರಲ್ಲೂ ನಡುವೆ ನನ್ನದೇ ಮುಖ.

ಅದೇ ದೇಶದಲ್ಲಿ ಡೊನ್ಸೊಲ್ ಅನ್ನೋ ಇನ್ನೊಂದು ಊರಿದೆ ಅಂದೆ. 1998ರಿಂದ ಅಲ್ಲಿ ವೇಲ್ ಶಾರ್ಕ್ ತೋರಿಸುತ್ತಾರೆ, ಒಂದು ಮುಷ್ಟಿಯೂ ಸೀಗಡಿ ಹಾಕುವುದಿಲ್ಲ. ದೋಣಿಯಲ್ಲಿ ಕೂತು ಬಿಸಿಲಲ್ಲಿ ನೀರು ನೋಡುತ್ತಾ ಕಾಯಬೇಕು. ಕಂಡರೆ ಇಳಿಯುವುದು, ಕಾಣದಿದ್ದರೆ ವಾಪಸ್.

"ಕಾಣ್ದೇ ಇರೋದೂ ಉಂಟಾ?"

"ಉಂಟು. ಕೆಲವು ವರ್ಷ ತುಂಬಾ ಕಮ್ಮಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಮಕ್ಕಳಿಗೆ ಹೇಳಿ ನೋಡ್ತೇನೆ ಅಂದರು. ಇನ್ನೂ ಫೋನ್ ಬಂದಿಲ್ಲ.