ಚುಕ್ಕಾಣಿಯ ಕೋನ, ದೋಣಿಯ ದಿಕ್ಕು

ಹಾಯಿದೋಣಿಗೆ, ತಾನೇ ಚುಕ್ಕಾಣಿ ಹಿಡಿದು ದಿಕ್ಕು ಕಾಯುವ ಆಟೋಪೈಲಟ್ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ಮೋಟರಿನ ಬಲವನ್ನು, ಆಮೇಲೆ ಪರದೆಯ ಅಳತೆಯನ್ನು. ದೋಣಿ ನೆಟ್ಟಗೆ ಸಾಗುವುದೋ ಹಾವಿನಂತೆ ಹೊರಳುವುದೋ ಎಂಬುದನ್ನು ನಿರ್ಧರಿಸುವ ಎರಡು ಸಣ್ಣ ಪೆಟ್ಟಿಗೆಗಳ ಕಡೆ ಗಮನ ಹೋಗುವುದು ಕಡಿಮೆ. ಒಂದು, ದೋಣಿಯ ಮೂತಿ ಯಾವ ದಿಕ್ಕಿಗಿದೆ ಎಂದು ಹೇಳುವ ದಿಕ್ಸೂಚಿ ಸೆನ್ಸರ್. ಇನ್ನೊಂದು, ಚುಕ್ಕಾಣಿ ಎಷ್ಟು ಕೋನಕ್ಕೆ ತಿರುಗಿದೆ ಎಂದು ಹೇಳುವ ಸೆನ್ಸರ್. ಕಳೆದ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬರ್ಕ್ಲಿ ಮರೀನಾದಲ್ಲಿ ಹಿರಿಯ ಮಿತ್ರರೊಬ್ಬರ ದೋಣಿಗೆ ಇವೆರಡನ್ನೂ ಕೂರಿಸುವ ಕೆಲಸದಲ್ಲಿ ನಾನು ಜೊತೆಯಾದೆ. ಆ ಕೆಲಸದ ಬಹುಪಾಲು ಸಮಯ ಹೋದದ್ದು ಜಾಗ ಹುಡುಕುವುದರಲ್ಲಿ ಮತ್ತು ಅಳೆಯುವುದರಲ್ಲಿ. ಅದು ಹಾಗೆಯೇ ಆಗಬೇಕಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಿತ್ರರು ಮಂಗಳೂರಿನ ಕಡೆಯವರು, ವಿದ್ಯುತ್ ಎಂಜಿನಿಯರಾಗಿ ನಿವೃತ್ತರಾದವರು. ಅವರದು 1980ರ ದಶಕದ, ಫೈಬರ್‌ಗ್ಲಾಸ್ ಮೈಯ 34 ಅಡಿಯ ದೋಣಿ. ಚುಕ್ಕಾಣಿ ತಿರುಗಿಸುವ ಚಕ್ರದಿಂದ ಹೊರಟ ಉಕ್ಕಿನ ಹಗ್ಗಗಳು ಹಿಂಬದಿಯ ಅಟ್ಟಣೆಯ ಕೆಳಗೆ ಹಾದು, ಚುಕ್ಕಾಣಿಯ ದಂಡಕ್ಕೆ ಬಿಗಿದ ಕ್ವಾಡ್ರೆಂಟ್ ಎಂಬ ಅರೆವೃತ್ತದ ಲೋಹದ ಭಾಗವನ್ನು ಎಳೆಯುತ್ತವೆ. ಚುಕ್ಕಾಣಿಯನ್ನು ತಳ್ಳುವ ಮೋಟರನ್ನು ಕೆಲಸ ಬಲ್ಲವರೊಬ್ಬರು ಮೊದಲೇ ಕೂರಿಸಿಹೋಗಿದ್ದರು. ನಮಗೆ ಉಳಿದದ್ದು ಸೆನ್ಸರುಗಳು.

ದಿಕ್ಸೂಚಿ ಸೆನ್ಸರಿಗೆ ಜಾಗ ಹುಡುಕುವುದು ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ. ಅದು ದೋಣಿಯ ಉದ್ದದ ನಡುಗೆರೆಯ ಹತ್ತಿರವಿರಬೇಕು, ಅಲೆಗಳಿಗೆ ಅತಿ ಕಡಿಮೆ ಅಲುಗಾಡುವಷ್ಟು ಕೆಳಗಿರಬೇಕು, ಎಂಜಿನ್, ಬ್ಯಾಟರಿ, ಸ್ಪೀಕರ್ ಮುಂತಾದವುಗಳಿಂದ ಕನಿಷ್ಠ ಒಂದು ಮೀಟರ್ ದೂರವಿರಬೇಕು. 34 ಅಡಿಯ ದೋಣಿಯೊಳಗೆ ಈ ಮೂರೂ ಕೂಡಿಬರುವ ಜಾಗ ಸುಲಭಕ್ಕೆ ಸಿಗುವುದಿಲ್ಲ. ನಾವು ಕೈಯಲ್ಲಿ ಹಿಡಿಯುವ ಸಾಮಾನ್ಯ ದಿಕ್ಸೂಚಿಯೊಂದನ್ನು ಹಿಡಿದು, ಯೋಗ್ಯವೆನಿಸಿದ ಪ್ರತಿ ಜಾಗದಲ್ಲೂ ಅದನ್ನು ನಿಧಾನವಾಗಿ ಅತ್ತಿತ್ತ ಸರಿಸಿ ನೋಡಿದೆವು. ಜಾಗ ಶುದ್ಧವಾಗಿದ್ದರೆ ಮುಳ್ಳು ಸ್ಥಿರವಾಗಿರುತ್ತದೆ. ಎಲ್ಲೋ ಮರೆಯಲ್ಲಿ ಕಬ್ಬಿಣವಿದ್ದರೆ ಅತ್ತ ವಾಲುತ್ತದೆ. ಆಮೇಲೆ ದೋಣಿಯ ಒಂದೊಂದೇ ಸ್ವಿಚ್ಚನ್ನು ಹಾಕಿ ತೆಗೆದು ಮತ್ತೆ ನೋಡಬೇಕು, ಏಕೆಂದರೆ ನೇರ ವಿದ್ಯುತ್ ಹರಿಯುವ ಪ್ರತಿ ತಂತಿಯೂ ಸುತ್ತಲೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಮಲಗುವ ಕೋಣೆಯ ಹಲಗೆಯ ಕೆಳಗಿನ ಜಾಗವನ್ನು ನಾನು ತೋರಿಸಿದಾಗ ಮಿತ್ರರು ಕೂಡಲೇ, “ಅಲ್ಲಿ ಬೇಡ ಮಾರಾಯ್ರೆ, ಹಲಗೆಯ ಆಚೆಗೆ ನೀರಿನ ಪಂಪು ಉಂಟು” ಎಂದರು. ಪಂಪಿನ ಸ್ವಿಚ್ಚು ಒತ್ತಿದಾಗ ಮುಳ್ಳು ನಿಜವಾಗಿಯೂ ಕೆಲವು ಡಿಗ್ರಿ ಜರುಗಿತು.

ಕೊನೆಗೆ ಸಿಕ್ಕಿದ್ದು ಹಾಯಿಕಂಬದ ಬುಡಕ್ಕಿಂತ ಸ್ವಲ್ಪ ಹಿಂದೆ, ಬಟ್ಟೆ ಇಡುವ ಕಪಾಟಿನೊಳಗಿನ ಅಡ್ಡಗೋಡೆ. ಕಂಬ ಅಲ್ಯೂಮಿನಿಯಮ್ಮಿನದಾದ್ದರಿಂದ ಅದರಿಂದ ತೊಂದರೆಯಿಲ್ಲ. ಅಲ್ಲಿ ಹಾದುಹೋಗುತ್ತಿದ್ದ ದೀಪದ ಎರಡು ತಂತಿಗಳನ್ನು, ಒಂದರ ಕಾಂತಕ್ಷೇತ್ರವನ್ನು ಇನ್ನೊಂದರದು ಅಳಿಸಲೆಂದು, ಹುರಿ ಮಾಡಿ ಸುತ್ತಿದೆವು. ಹಿತ್ತಾಳೆಯ ಸ್ಕ್ರೂಗಳನ್ನೇ ಬಳಸಿದೆವು. ಕಪಾಟಿನ ಬಾಗಿಲಿಗೆ ‘ಇಲ್ಲಿ ಡಬ್ಬಿ, ಉಪಕರಣ ಇಡಬಾರದು’ ಎಂಬ ಚೀಟಿಯನ್ನೂ ಅಂಟಿಸಿದೆವು. ತಿಂಗಳುಗಳ ನಂತರ ಯಾರೋ ತಗಡಿನ ಡಬ್ಬಿಗಳನ್ನು ಅಲ್ಲಿ ಜೋಡಿಸಿದರೆ ಆಟೋಪೈಲಟ್ ದಾರಿ ತಪ್ಪುವ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಈ ಸೆನ್ಸರನ್ನು ಮಟ್ಟವಾಗಿಯೂ ದೋಣಿಯ ಮೂತಿಗೆ ನೇರವಾಗಿಯೂ ಕೂರಿಸಲು ಏಕೆ ಅಷ್ಟು ಶ್ರಮಪಡಬೇಕು ಎಂಬುದಕ್ಕೆ ಭೂಮಿಯ ಕಾಂತಕ್ಷೇತ್ರದಲ್ಲೇ ಉತ್ತರವಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಂತರೇಖೆಗಳು ಸಮತಲದಲ್ಲಿ ಹರಿಯದೆ ಸುಮಾರು 60 ಡಿಗ್ರಿ ಕೆಳಮುಖವಾಗಿ ನೆಲಕ್ಕೆ ಇಳಿಯುತ್ತವೆ, ಅಂದರೆ ಕೆಳಮುಖದ ಅಂಶವು ದಿಕ್ಕು ತೋರುವ ಅಡ್ಡ ಅಂಶಕ್ಕಿಂತ ಒಂದೂಮುಕ್ಕಾಲು ಪಟ್ಟು ದೊಡ್ಡದು. ದೋಣಿ ಗಾಳಿಗೆ 20 ಡಿಗ್ರಿ ವಾಲಿದಾಗ, ಸೆನ್ಸರೂ ಅದರೊಂದಿಗೆ ವಾಲಿ, ಆ ವಾಲಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಉತ್ತರಾಭಿಮುಖವಾಗಿ ಸಾಗುವ ದೋಣಿಯ ದಿಕ್ಕಿನಲ್ಲಿ ಸುಮಾರು 30 ಡಿಗ್ರಿಯ ತಪ್ಪು ಬರುತ್ತದೆ. ಕಾಂತಕ್ಷೇತ್ರವನ್ನು ತಂತಿ ಸುರುಳಿಗಳಿಂದ ಅಳೆಯುವ ಹಳೆಯ ಫ್ಲಕ್ಸ್‌ಗೇಟ್ ದಿಕ್ಸೂಚಿಗಳು ಇದಕ್ಕಾಗಿಯೇ ತೂಗುವ ಚೌಕಟ್ಟಿನಲ್ಲಿರುತ್ತಿದ್ದವು. ಈಗಿನವುಗಳಲ್ಲಿ ಮೂರು ಅಕ್ಷಗಳ ಕಾಂತಮಾಪಕ, ತಿರುಗುವ ವೇಗವನ್ನು ಅಳೆಯುವ ಮೂರು ಅಕ್ಷಗಳ ಗೈರೋ, ಮೂರು ಅಕ್ಷಗಳ ವೇಗೋತ್ಕರ್ಷ ಮಾಪಕ ಒಟ್ಟಿಗಿದ್ದು, ವಾಲಿಕೆಯನ್ನು ಗಣಿತದಿಂದಲೇ ಸರಿಪಡಿಸುತ್ತವೆ. ಮಿತ್ರರ ಊರಿನ ಕಡಲಲ್ಲಾದರೆ ಈ ತಪ್ಪು ಬಹಳ ಚಿಕ್ಕದು. ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಭೂಕಾಂತ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿಯೇ ಹಾಯುತ್ತದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಮೊದಲ ರಾಕೆಟ್ ಹಾರಿಸಲು ಆ ಊರನ್ನು ಆರಿಸಿದ್ದಕ್ಕೂ ಅದೇ ಕಾರಣ.

ಚುಕ್ಕಾಣಿಯ ಸೆನ್ಸರ್ ಬೇರೆಯೇ ಬಗೆಯ ಕೆಲಸ. ಅದರೊಳಗಿರುವುದು ತಿರುಗಿದಂತೆ ರೋಧ ಬದಲಾಗುವ ಪೊಟೆನ್ಷಿಯೋಮೀಟರ್. ಹೊರಗೆ ಚಾಚಿದ ಸಣ್ಣ ತೋಳನ್ನು ಒಂದು ಕಡ್ಡಿಯ ಮೂಲಕ ಕ್ವಾಡ್ರೆಂಟಿಗೆ ಜೋಡಿಸಬೇಕು. ಸೆನ್ಸರಿನ ತೋಳಿನ ಉದ್ದವೂ ಚುಕ್ಕಾಣಿಯ ದಂಡದಿಂದ ಕಡ್ಡಿ ಸೇರುವ ಬಿಂದುವಿನವರೆಗಿನ ದೂರವೂ ಒಂದೇ ಆಗಿದ್ದು, ಎರಡು ಕೇಂದ್ರಗಳ ನಡುವಿನ ಅಂತರ ಕಡ್ಡಿಯ ಉದ್ದಕ್ಕೆ ಸಮನಾಗಿದ್ದರೆ ಅಲ್ಲೊಂದು ಸಮಾಂತರ ಚತುರ್ಭುಜ ಏರ್ಪಡುತ್ತದೆ. ಆಗ ಚುಕ್ಕಾಣಿ ಹತ್ತು ಡಿಗ್ರಿ ತಿರುಗಿದರೆ ಸೆನ್ಸರೂ ಹತ್ತೇ ಡಿಗ್ರಿ ತಿರುಗುತ್ತದೆ. ಹೈಸ್ಕೂಲಿನ ರೇಖಾಗಣಿತ ಇಷ್ಟು ನೇರವಾಗಿ ಬಳಕೆಗೆ ಬರುವ ಸಂದರ್ಭಗಳು ನನ್ನ ಅನುಭವದಲ್ಲಿ ಕಡಿಮೆ.

ಕಾಗದದ ಮೇಲೆ ಸರಳವಾದ ಈ ಆಕೃತಿಯನ್ನು, ಮೊಣಕೈ ಊರಲೂ ಜಾಗವಿಲ್ಲದ ಹಿಂಬದಿಯ ಲಾಕರಿನೊಳಗೆ ಮಲಗಿಕೊಂಡು ಸಾಧಿಸಬೇಕು. ಚುಕ್ಕಾಣಿ ನಡುವಿನಲ್ಲಿದ್ದಾಗ ಕಡ್ಡಿಯು ಎರಡೂ ತೋಳುಗಳಿಗೆ ಲಂಬವಾಗಿರಬೇಕು. ಸೆನ್ಸರ್ ಕ್ವಾಡ್ರೆಂಟಿನ ಮಟ್ಟದಲ್ಲೇ ಇರಬೇಕಾದ್ದರಿಂದ, ಮರೀನ್ ಪ್ಲೈವುಡ್ಡಿನ ಪೀಠವೊಂದನ್ನು ಮಾಡಿ, ಎಪಾಕ್ಸಿಯಿಂದ ದೋಣಿಯ ಮೈಗೆ ಅಂಟಿಸಿ, ಅಂಚಿಗೆ ಫೈಬರ್‌ಗ್ಲಾಸ್ ಪಟ್ಟಿ ಹಾಕಿದೆವು. ಪೀಠ ಕೂದಲೆಳೆಯಷ್ಟು ಬಾಗಿದರೂ ಆ ಬಾಗು ಚುಕ್ಕಾಣಿಯ ಚಲನೆಯೆಂದೇ ಆಟೋಪೈಲಟ್ಟಿನ ಗಣಕಕ್ಕೆ ಕಾಣುತ್ತದೆ. ಎಪಾಕ್ಸಿ ಒಣಗಿದ ಮೇಲೆ ಮಿತ್ರರು ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಿದರು, ನಾನು ಟಾರ್ಚ್ ಹಿಡಿದು ಒಳಗೆ ನೋಡುತ್ತಿದ್ದೆ. ಕಡ್ಡಿ ಉಕ್ಕಿನ ಹಗ್ಗಕ್ಕೆ ತಾಗಬಾರದು, ತೋಳು ಹಿಮ್ಮುಖವಾಗಿ ಮಗುಚಿ ಸಿಕ್ಕಿಕೊಳ್ಳಬಾರದು. ಹಾಗೆ ಸಿಕ್ಕಿಕೊಂಡರೆ ನಡುಗಡಲಲ್ಲಿ ಚುಕ್ಕಾಣಿಯೇ ಬಿಗಿದುಹೋಗಬಹುದು. ಹಾಗಾಗಿ ಈ ಪರೀಕ್ಷೆಯನ್ನು ಅವಸರವಿಲ್ಲದೆ ಹಲವು ಸಲ ಮಾಡಿದೆವು. ಬಾಲ್ ಜಾಯಿಂಟಿನ ನಟ್ಟುಗಳು ಸಡಿಲವಾಗದಂತೆ ಲಾಕ್‌ನಟ್ ಬಿಗಿದದ್ದು ಅದಾದ ಮೇಲೆಯೇ.

ತಂತಿಗಳ ಜೋಡಣೆ ಬೇಗ ಮುಗಿಯಿತು. ಸೆನ್ಸರು, ಪರದೆಗಳನ್ನು ಒಂದಕ್ಕೊಂದು ಜೋಡಿಸುವ ದೋಣಿಯ ಎನ್‌ಎಂಇಎ 2000 ಜಾಲದ ಎರಡು ತುದಿಗಳಲ್ಲೂ 120 ಓಮ್‌ನ ರೋಧಕಗಳಿರಬೇಕು. ವಿದ್ಯುತ್ ನಿಲ್ಲಿಸಿ ಮೀಟರ್ ಹಿಡಿದಾಗ 60 ಓಮ್ ತೋರಿತು; ಎರಡೂ ಸಮಾಂತರವಾಗಿರುವುದರಿಂದ ಅಷ್ಟೇ ಬೇಕಾಗಿದ್ದದ್ದು.

ನೀರಿನ ಮೇಲಿನ ಪರೀಕ್ಷೆಗೆ ಮುಂಜಾನೆಯೇ ಹೊರಟೆವು. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಜಲಸಂಧಿಯಿಂದ ನುಗ್ಗುವ ಗಾಳಿ ಬರ್ಕ್ಲಿಯ ಎದುರಿಗೆ ಗಂಟೆಗೆ 20ರಿಂದ 25 ನಾಟಿಕಲ್ ಮೈಲಿ ಮುಟ್ಟುವುದು ಸಾಮಾನ್ಯ; ಬೆಳಿಗ್ಗೆ ನೀರು ಶಾಂತವಾಗಿರುತ್ತದೆ. ಉಬ್ಬರ ಇಳಿತದ ಸೆಳೆತ ನಿಂತ ಹೊತ್ತನ್ನು ನೋಡಿಕೊಂಡು, ಎಂಜಿನ್ ಮೇಲೆ ನಿಧಾನವಾಗಿ ದೊಡ್ಡ ಸುತ್ತುಗಳನ್ನು ಹಾಕಿದೆವು. ದೋಣಿಯಲ್ಲೇ ಇರುವ ಕಬ್ಬಿಣ ಯಾವ ದಿಕ್ಕಿನಲ್ಲಿ ಎಷ್ಟು ಎಳೆಯುತ್ತದೆ ಎಂಬುದನ್ನು ಸೆನ್ಸರ್ ಆ ಸುತ್ತುಗಳಲ್ಲಿ ಕಲಿತುಕೊಳ್ಳುತ್ತದೆ. ಉಳಿದ ತಪ್ಪು ಎರಡು ಡಿಗ್ರಿಯೊಳಗೆ ಎಂದು ಪರದೆ ತೋರಿಸಿದಾಗ, ಜಾಗ ಹುಡುಕಲು ಕಳೆದ ಹೊತ್ತೆಲ್ಲ ಸಾರ್ಥಕವೆನಿಸಿತು. ನಂತರ ಒಂದೇ ಗೆರೆಯ ಮೇಲೆ ಹೋಗಿ, ಹಿಂದಿರುಗಿ ಬಂದು, ಜಿಪಿಎಸ್ ಹೇಳಿದ ದಿಕ್ಕಿನೊಂದಿಗೆ ಹೋಲಿಸಿದೆವು. ಇಲ್ಲಿ ಕಾಂತೀಯ ಉತ್ತರವು ನಿಜವಾದ ಉತ್ತರಕ್ಕಿಂತ ಸುಮಾರು 13 ಡಿಗ್ರಿ ಪೂರ್ವಕ್ಕಿದೆ. ಹೋಲಿಸುವಾಗ ಎರಡೂ ಸಂಖ್ಯೆಗಳು ಒಂದೇ ಉತ್ತರವನ್ನು ಆಧರಿಸಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಗಾಳಿ ಎದ್ದ ಮೇಲೆ ಹಾಯಿ ಬಿಚ್ಚಿ ಆಟೋಪೈಲಟ್ಟಿಗೆ ದೋಣಿಯನ್ನು ಒಪ್ಪಿಸಿದೆವು. ಅಡ್ಡಗಾಳಿಗೆ ದೋಣಿಯ ಮೂತಿ ಸದಾ ಗಾಳಿಯ ಕಡೆಗೆ ಎಳೆಯುತ್ತಿತ್ತು, ಚುಕ್ಕಾಣಿಯನ್ನು ಐದಾರು ಡಿಗ್ರಿ ಹಿಡಿದೇ ಇರಬೇಕಿತ್ತು. 1922ರಲ್ಲಿ ನಿಕೋಲಸ್ ಮಿನೋರ್ಸ್ಕಿ ಎಂಬ ವಿಜ್ಞಾನಿ ಹಡಗುಗಳ ಸ್ವಯಂಚಾಲನೆಯ ಗಣಿತವನ್ನು ಬರೆದದ್ದು ನುರಿತ ಚುಕ್ಕಾಣಿಗರನ್ನು ಗಮನಿಸಿ: ಅವರು ಈಗಿನ ತಪ್ಪನ್ನಷ್ಟೇ ಅಲ್ಲದೆ, ಹಿಂದಿನಿಂದ ಉಳಿದುಬಂದ ತಪ್ಪನ್ನೂ, ಮೂತಿ ತಿರುಗುತ್ತಿರುವ ವೇಗವನ್ನೂ ಮನಸ್ಸಿನಲ್ಲಿಟ್ಟು ಚಕ್ರ ಹಿಡಿಯುತ್ತಾರೆ. ಆ ಮೂರನ್ನೂ ನಮ್ಮ ಕಣ್ಣೆದುರು ಕಂಡೆವು. ಓರೆಯಾಗಿ ಹಿಂದಿನಿಂದ ಬಂದ ಅಲೆ ದೋಣಿಯ ಬಾಲವನ್ನು ಎತ್ತಿದಾಗ, ಮೂತಿ ಹೊರಳಲು ತೊಡಗಿದ ಕ್ಷಣದಲ್ಲೇ ಗೈರೋ ಅದನ್ನು ಗುರುತಿಸಿತು, ಚುಕ್ಕಾಣಿ ಎದುರಿಗೆ ಬಂತು, ಬೇಕಾದ ಕೋನ ತಲುಪಿದೆ ಎಂದು ಚುಕ್ಕಾಣಿಯ ಸೆನ್ಸರ್ ಹೇಳಿದೊಡನೆ ಮೋಟರ್ ನಿಂತಿತು. ಅತಿಯಾಗಿ ತಿರುಗಿಸಿ ಮತ್ತೆ ಹಿಂದಕ್ಕೆಳೆಯುವ ತಡವರಿಕೆ ಇರಲಿಲ್ಲ. “ನನ್ನ ಕೈಗಿಂತ ಚೆನ್ನಾಗಿ ಹಿಡಿಯುತ್ತದಲ್ಲ ಇದು” ಎಂದು ಮಿತ್ರರು ಚಕ್ರದ ಪಕ್ಕದಲ್ಲೇ ನಿಂತು ಬಹಳ ಹೊತ್ತು ನೋಡಿದರು.

ಆಟೋಪೈಲಟ್ಟಿನ ಪ್ರತಿಕ್ರಿಯೆಯ ಮಟ್ಟವನ್ನು ಒಂದು ಹಂತ ಇಳಿಸಿದ್ದನ್ನೂ, ಚುಕ್ಕಾಣಿಯ ಮಿತಿಯನ್ನು 30 ಡಿಗ್ರಿಗೆ ಇಟ್ಟದ್ದನ್ನೂ ದೋಣಿಯ ದಿನಚರಿ ಪುಸ್ತಕದಲ್ಲಿ ಬರೆದಿಟ್ಟೆವು. ಕಂಬದ ತುದಿಯ ಗಾಳಿ ಸೆನ್ಸರನ್ನು ಇದೇ ಜಾಲಕ್ಕೆ ಸೇರಿಸುವುದು ಬಾಕಿಯಿದೆ. ಅದಾದ ಮೇಲೆ ಗೋಲ್ಡನ್ ಗೇಟ್ ದಾಟಿ ದಕ್ಷಿಣಕ್ಕೆ, ಸುಮಾರು 25 ನಾಟಿಕಲ್ ಮೈಲಿ ದೂರದ ಹಾಫ್ ಮೂನ್ ಬೇಗೆ ಹೋಗಬೇಕೆಂಬುದು ಮಿತ್ರರ ಯೋಜನೆ. ಹೊರಡುವ ಮುನ್ನ ಆ ಲಾಕ್‌ನಟ್‌ಗಳನ್ನು ಇನ್ನೊಮ್ಮೆ ನೋಡಿಕೊಡುವುದಾಗಿ ನಾನು ಒಪ್ಪಿಕೊಂಡಿದ್ದೇನೆ.