ಬಿ.ಎಡ್ ಇದೆ, ಸ್ಪೆಷಲ್ ಎಜುಕೇಟರ್ ಆಗೋಕೆ ಮತ್ತೆ ಓದಲೇಬೇಕಾ?

“ಮೇಡಂ, ನಂದು ಬಿ.ಎಡ್ ಆಗಿದೆ. ಹೈಸ್ಕೂಲಲ್ಲಿ ಪಾಠ ಮಾಡಿ ಅಭ್ಯಾಸ ಇದೆ. ಸ್ಪೆಷಲ್ ಎಜುಕೇಟರ್ ಆಗೋಕೆ ಮತ್ತೆ ಎರಡು ವರ್ಷ ಓದಬೇಕಂತೆ, ಹೌದಾ? ಮೂರು ತಿಂಗಳ ಆನ್‌ಲೈನ್ ಕೋರ್ಸ್ ಯಾವುದೂ ಇಲ್ವಾ?”

ಈ ಪ್ರಶ್ನೆ ಫೋನಿನಲ್ಲಿ ಬರುತ್ತದೆ, ವಾಟ್ಸಾಪಿನಲ್ಲಿ ಬರುತ್ತದೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಬರುತ್ತದೆ. ನಾನು ಕಿವಿ ಕೇಳದ ಮಕ್ಕಳಿಗೆ ಪಾಠ ಮಾಡುವವಳು ಎಂದು ಗೊತ್ತಾದರೆ ಸಾಕು. ಪ್ರತಿ ಸಲ ಅರ್ಧಂಬರ್ಧ ಹೇಳಿ ಮುಗಿಸುವುದಕ್ಕಿಂತ ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಹೌದು, ಓದಬೇಕು. ಮೂರು ತಿಂಗಳ ಕೋರ್ಸಿನಿಂದ ತಿಳಿವಳಿಕೆ ಬರಬಹುದು, ಹುದ್ದೆ ಬರುವುದಿಲ್ಲ.

ಕಾರಣ ಇಷ್ಟೆ. ಮಾಮೂಲಿ ಟೀಚರ್‌ಗಳ ಓದನ್ನು ನೋಡಿಕೊಳ್ಳುವುದು ಎನ್‌ಸಿಟಿಇ, ಅಂದರೆ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು. ಅದು ಶಿಕ್ಷಣ ಸಚಿವಾಲಯದ ಕಡೆಯದು. ವಿಶೇಷ ಶಿಕ್ಷಕರ, ಅಂದರೆ ಅಂಗವಿಕಲ ಮಕ್ಕಳಿಗೆ ಕಲಿಸುವ ಸ್ಪೆಷಲ್ ಎಜುಕೇಟರ್‌ಗಳ ಓದನ್ನು ನೋಡಿಕೊಳ್ಳುವುದು ಭಾರತೀಯ ಪುನರ್ವಸತಿ ಪರಿಷತ್ತು. ನಾವೆಲ್ಲ ಅದನ್ನು ಆರ್‌ಸಿಐ ಅಂತಲೇ ಕರೆಯುತ್ತೇವೆ. ಅದು ಸಾಮಾಜಿಕ ನ್ಯಾಯ ಸಚಿವಾಲಯದ ಕಡೆಯದು. ಎರಡಕ್ಕೂ ಬಾಗಿಲು ಬೇರೆ. 1992ರ ಆರ್‌ಸಿಐ ಕಾಯ್ದೆ ಪ್ರಕಾರ ಪರಿಷತ್ತು ಒಪ್ಪಿದ ಕೋರ್ಸ್ ಮುಗಿಸಿ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ಬರೆಸಬೇಕು. ಆಗ ಸಿಗುವುದೇ ಸಿಆರ್‌ಆರ್ ನಂಬರ್. ಅದಿಲ್ಲದೆ ಈ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾಯ್ದೆಯಲ್ಲಿದೆ. ಆ ಸಾವಿರ ರೂಪಾಯಿ 1992ರದ್ದು. ಯಾರೂ ಹೆದರುವುದಿಲ್ಲ, ಅದು ಬೇರೆ ಮಾತು. ಆದರೆ ಸಂದರ್ಶನದಲ್ಲಿ ಮೊದಲು ಕೇಳುವುದು ಆ ನಂಬರನ್ನೇ. ಸಿಬಿಎಸ್‌ಇ ಶಾಲೆಗಳಂತೂ ವಿಶೇಷ ಶಿಕ್ಷಕರನ್ನು ಇಟ್ಟುಕೊಳ್ಳಲೇಬೇಕು ಎಂಬ ನಿಯಮ ಬಂದ ಮೇಲೆ ಈ ನೋಂದಣಿ ಪತ್ರಕ್ಕೆ ಬೆಲೆ ಜಾಸ್ತಿಯಾಗಿದೆ. ಒಮ್ಮೆ ಹೆಸರು ಬರೆಸಿದರೆ ಮುಗಿಯಿತು ಅಂತಲೂ ಅಲ್ಲ. ಆಗಾಗ ತರಬೇತಿಗಳಿಗೆ ಹೋಗಿ ಅಂಕ ಕೂಡಿಸಿ ನೋಂದಣಿಯನ್ನು ನವೀಕರಿಸಬೇಕು.

ಇಷ್ಟು ಹೇಳಿದರೆ ಮುಂದಿನ ಮಾತು ರೆಡಿ ಇರುತ್ತದೆ. “ಮಕ್ಕಳ ಮನಶ್ಶಾಸ್ತ್ರ ನಾವೂ ಓದಿದ್ದೀವಲ್ಲ? ಪ್ರೀತಿ, ತಾಳ್ಮೆ ಇದ್ರೆ ಸಾಲದಾ?”

ಸಾಲುವುದಿಲ್ಲ. ಯಾಕೆ ಅಂತ ನನ್ನ ಕ್ಲಾಸಿನಲ್ಲೇ ತೋರಿಸುತ್ತೇನೆ. ಬೆಳಿಗ್ಗೆ ಮಕ್ಕಳು ಬಂದ ಕೂಡಲೇ ಹಾಜರಿಗಿಂತ ಮೊದಲು ಒಂದು ಕೆಲಸ ಇರುತ್ತದೆ. ಬಾಯಿಗೆ ಅಡ್ಡ ಒಂದು ರಟ್ಟು ಹಿಡಿದು ಆರು ಶಬ್ದ ಹೇಳುತ್ತೇನೆ: ಮ್, ಊ, ಆ, ಈ, ಶ್, ಸ್. ಲಿಂಗ್ ಟೆಸ್ಟ್ ಅಂತ ಇದಕ್ಕೆ ಹೆಸರು. ಕೇಳಿದ ಮಗು ಕೈ ಎತ್ತಬೇಕು, ದೊಡ್ಡ ಮಕ್ಕಳು ಅದನ್ನೇ ತಿರುಗಿ ಹೇಳಬೇಕು. ಮಾತಿನಲ್ಲಿ ಬರುವ ದಪ್ಪ ಸದ್ದಿನಿಂದ ಸಣ್ಣ ಸದ್ದಿನವರೆಗೆ ಎಲ್ಲ ಈ ಆರರ ಒಳಗೆ ಬಂದುಹೋಗುತ್ತದೆ. ನಿನ್ನೆ ಆರಕ್ಕೂ ಕೈ ಎತ್ತಿದ ಹುಡುಗಿ ಇವತ್ತು ‘ಸ್’ಗೆ ಸುಮ್ಮನೆ ಕೂತರೆ ಪಾಠ ಶುರು ಮಾಡುವ ಹಾಗಿಲ್ಲ. ಹಿಯರಿಂಗ್ ಏಡ್ ಕೈಗೆ ತೆಗೆದುಕೊಳ್ಳಬೇಕು. ಬ್ಯಾಟರಿ ಇಳಿದಿದೆಯಾ? ಕಿವಿಯೊಳಗೆ ಕೂರುವ ಅಚ್ಚಿನ, ಅಂದರೆ ಇಯರ್ ಮೋಲ್ಡಿನ ತೂತಿನಲ್ಲಿ ಗುಗ್ಗೆ ಕಟ್ಟಿದೆಯಾ? ನಳಿಕೆಯಲ್ಲಿ ಬೆವರಿನ ಹನಿ ನಿಂತಿದೆಯಾ? ಮಗು ಬೆಳೆದು ಮೋಲ್ಡ್ ಸಡಿಲವಾಗಿದೆಯಾ? ಇದು ಯಾವುದನ್ನೂ ನೋಡದೆ ಉಕ್ತಲೇಖನ ಕೊಟ್ಟರೆ ಅವಳು ‘ಸೊಪ್ಪು’ ಬರೆಯುವ ಕಡೆ ‘ಒಪ್ಪು’ ಬರೆಯುತ್ತಾಳೆ. ನಾವು ಕೆಂಪು ಗೀರು ಹಾಕಿ “ಗಮನ ಇಲ್ಲ” ಅಂತ ಷರಾ ಬರೆಯುತ್ತೇವೆ.

ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಬಿಡಿ ಅನ್ನುವವರೂ ಇದ್ದಾರೆ. ಕನ್ನಡಿ ಮುಂದೆ ನಿಂತು ದನಿ ಬಿಡದೆ ಮರ, ಬರ, ಪರ ಅಂತ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಆಡುತ್ತದೆ.

ಇದೆಲ್ಲ ನನಗೆ ಗೊತ್ತಿರುವುದು ನಾನು ಓದಿದ್ದು ಶ್ರವಣದೋಷದ ವಿಭಾಗ ಆದ್ದರಿಂದ. ಕಣ್ಣು ಕಾಣದ ಮಗುವಿಗೆ ಬ್ರೈಲ್ ಕಲಿಸು ಅಂದರೆ ನಾನೂ ಹೊಸಬಳೇ. ಬುದ್ಧಿಮಾಂದ್ಯತೆ ಇರುವ ಮಗುವಿಗೆ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಚಿಲ್ಲರೆ ತರುವುದನ್ನು ಹಂತ ಹಂತವಾಗಿ ಒಡೆದು ಕಲಿಸುವುದು ಇನ್ನೊಂದೇ ವಿದ್ಯೆ. ಅದಕ್ಕೇ ಸ್ಪೆಷಲ್ ಬಿ.ಎಡ್‌ಗೆ, ಅಂದರೆ ವಿಶೇಷ ಶಿಕ್ಷಕರ ಬಿ.ಎಡ್‌ಗೆ ಸೇರುವಾಗಲೇ ಶ್ರವಣ, ದೃಷ್ಟಿ, ಬೌದ್ಧಿಕ, ಕಲಿಕಾ ನ್ಯೂನತೆ, ಆಟಿಸಂ ಅಂತ ಒಂದು ವಿಭಾಗ ಆರಿಸಿಕೊಳ್ಳಬೇಕು. ಬೇರೆ ನ್ಯೂನತೆಗಳ ಪರಿಚಯವೂ ಇರುತ್ತದೆ, ಆದರೆ ಅದು ಪರಿಚಯ ಮಾತ್ರ.

ಇನ್ನು ವರ್ಷಗಳ ಲೆಕ್ಕ. ಮೊದಲು ಸ್ಪೆಷಲ್ ಬಿ.ಎಡ್ ಒಂದು ವರ್ಷದ್ದಾಗಿತ್ತು. 2015ರಲ್ಲಿ ಮಾಮೂಲಿ ಬಿ.ಎಡ್ ಎರಡು ವರ್ಷವಾದಾಗ ಇದೂ ಎರಡು ವರ್ಷವಾಯಿತು. ಆಮೇಲೆ 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂತು. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇದ್ದದ್ದು ಇದರಲ್ಲಿ 21 ಆಯಿತು. ಆಟಿಸಂ, ಕಲಿಕಾ ನ್ಯೂನತೆ ಎಲ್ಲ ಪಟ್ಟಿಗೆ ಬಂದವು. ಹಾಗಾಗಿ ಓದಬೇಕಾದದ್ದೂ ಬೆಳೆಯಿತು. 2020ರ ಶಿಕ್ಷಣ ನೀತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2030ರ ಹೊತ್ತಿಗೆ ಶಾಲಾ ಶಿಕ್ಷಕರಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್ಡೇ ಕನಿಷ್ಠ ಅರ್ಹತೆ ಆಗಬೇಕು ಎಂದಿತು. 2024ರ ಆರಂಭದಲ್ಲಿ ಆರ್‌ಸಿಐ ಸುತ್ತೋಲೆಯೊಂದು ಹೊರಬಿದ್ದಾಗ ಎರಡು ವರ್ಷದ ಸ್ಪೆಷಲ್ ಬಿ.ಎಡ್ ನಿಂತೇಹೋಯಿತು ಎಂದು ಪತ್ರಿಕೆಗಳು ಬರೆದವು. ಆ ವಾರ ನನ್ನ ಫೋನ್ ಸುಮ್ಮನಿರಲಿಲ್ಲ. ಆಮೇಲೂ ಎರಡು ವರ್ಷದ ಕೋರ್ಸಿಗೆ ಪ್ರವೇಶ ನಡೆದಿದೆ. ಆದ್ದರಿಂದ ಸುದ್ದಿ ನೋಡಿ ಗಾಬರಿಯಾಗಬೇಡಿ. ಹಾಗೆಯೇ 2025ರಲ್ಲಿ ಎನ್‌ಸಿಟಿಇ ಕರಡಿನಲ್ಲಿ ಒಂದು ವರ್ಷದ ಬಿ.ಎಡ್ ಬಂತಲ್ಲ ಎಂದು ಖುಷಿಯೂ ಪಡಬೇಡಿ. ಅದು ಮಾಮೂಲಿ ಬಿ.ಎಡ್ ಮಾತು, ಅದೂ ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ.

ತಮಾಷೆ ಏನೆಂದರೆ ಅದೇ ಶಿಕ್ಷಣ ನೀತಿ ಇನ್ನೊಂದು ಕಡೆ ಬೇರೆ ಮಾತನ್ನೂ ಹೇಳುತ್ತದೆ. ಮಾಮೂಲಿ ಟೀಚರ್‌ಗಳು ಸರ್ಟಿಫಿಕೇಟ್ ಕೋರ್ಸ್ ಮೂಲಕ ವಿಶೇಷ ಶಿಕ್ಷಣವನ್ನು ಎರಡನೇ ಪರಿಣತಿಯಾಗಿ ಪಡೆಯಬಹುದಂತೆ. ಮೂರು ತಿಂಗಳ ಕೋರ್ಸಿನ ಆಸೆ ಹುಟ್ಟುವುದು ಇಲ್ಲಿಂದಲೇ ಎಂದು ನನ್ನ ಅನುಮಾನ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲೂ ಮಾಮೂಲಿ ಟೀಚರ್‌ಗಳಿಗೆ 90 ದಿನದ ತರಬೇತಿ ಕೊಡುತ್ತಿದ್ದರು. ಕ್ಲಾಸಿನಲ್ಲಿ ಅಂಥ ಒಂದು ಮಗು ಇರುವ ಟೀಚರ್‌ಗೆ ಇದು ಖಂಡಿತ ಉಪಯೋಗ. ಎಲ್ಲ ಟೀಚರ್‌ಗಳೂ ಮಾಡಲಿ ಅಂತಲೇ ನಾನು ಹೇಳುವುದು. ಆದರೆ ಆರ್‌ಸಿಐ ಒಪ್ಪದ ಸರ್ಟಿಫಿಕೇಟಿನಿಂದ ಸಿಆರ್‌ಆರ್ ನಂಬರ್ ಹುಟ್ಟುವುದಿಲ್ಲ. ಇನ್ನೊಂದು ಎಚ್ಚರಿಕೆ: ಆರ್‌ಸಿಐ ಒಪ್ಪಿದ ಆರು ತಿಂಗಳ ಸಿಬಿಐಡಿ ಎಂಬ ಕೋರ್ಸ್ ಇದೆ. ಅದು ಊರೂರಿನಲ್ಲಿ ಮನೆ ಬಾಗಿಲಿಗೆ ಹೋಗಿ ಕೆಲಸ ಮಾಡುವವರಿಗೆ, ಶಾಲೆಯ ಟೀಚರ್ ಹುದ್ದೆಗಲ್ಲ.

ಹೆಚ್ಚು ವರ್ಷ ಓದಿಸುವುದಕ್ಕೆ ನನ್ನ ತಕರಾರಿಲ್ಲ. ಒಂದು ವರ್ಷದಲ್ಲಿ ಭಾಷೆ, ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಎಂದು ತೋರಿಸುವ ನಕ್ಷೆ), ಕೈಸನ್ನೆಯ ಭಾಷೆ, ಪಾಠ ಯೋಜನೆ ಎಲ್ಲ ತುರುಕಿದ ಕಾಲವನ್ನು ನೋಡಿದವಳು ನಾನು. ನನ್ನ ಸಿಟ್ಟು ಬೇರೆ ಕಡೆ ಇದೆ. ಓದಿನ ಕಡೆ ವರ್ಷ ಕೂಡಿಸುತ್ತ ಹೋದರು. ಹುದ್ದೆಯ ಕಡೆ ಮಾತ್ರ ಅದೇ ಗುತ್ತಿಗೆ, ಅದೇ ಪ್ರತಿ ವರ್ಷದ ನವೀಕರಣ. ಒಬ್ಬ ಸಂಪನ್ಮೂಲ ಶಿಕ್ಷಕಿ ಬಸ್ಸು ಹತ್ತಿ ಇಳಿದು ತಾಲ್ಲೂಕಿನ ಎಷ್ಟೋ ಶಾಲೆ ಸುತ್ತುತ್ತಾಳೆ. ಒಂದು ಮಗುವಿಗೆ ವಾರಕ್ಕೊಂದು ಗಂಟೆ ಸಿಕ್ಕರೆ ಪುಣ್ಯ. ನಾಲ್ಕು ವರ್ಷ ಓದಿದವರು ಈ ಕೆಲಸಕ್ಕೆ ಯಾಕೆ ಬರಬೇಕು, ಹೇಳಿ?

ಸುಪ್ರೀಂ ಕೋರ್ಟ್ ಇದನ್ನು ಗಮನಿಸಿದೆ. 2021ರ ಅಕ್ಟೋಬರಿನ ರಜನೀಶ್ ಕುಮಾರ್ ಪಾಂಡೆ ತೀರ್ಪಿನಲ್ಲಿ ಅಂಗವಿಕಲ ಮಕ್ಕಳ ಲೆಕ್ಕದಲ್ಲಿ ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಎಂಬ ಲೆಕ್ಕ ಕೊಟ್ಟಿತು. ವರ್ಷಗಳು ಕಳೆದರೂ ರಾಜ್ಯಗಳು ಮಿಸುಕಲಿಲ್ಲ. 2025ರ ಮಾರ್ಚಿನಲ್ಲಿ ಮತ್ತೆ ಆದೇಶ ಬಂತು: ಎಷ್ಟು ಹುದ್ದೆ ಬೇಕು ಎಂದು ಪ್ರಕಟಿಸಿ, ಅರ್ಹತೆ ಇರುವವರನ್ನೇ ತೆಗೆದುಕೊಳ್ಳಿ, ಗುತ್ತಿಗೆ ಮೇಲೆ ದುಡಿಯುತ್ತಿರುವವರ ಅರ್ಹತೆ ನೋಡಲು ಸಮಿತಿ ಮಾಡಿ. ಆ ಸಮಿತಿಯಲ್ಲಿ ಆರ್‌ಸಿಐ ಪ್ರತಿನಿಧಿಯೂ ಇರುತ್ತಾರೆ. ಅಂದರೆ ಕಾಯಂ ಹುದ್ದೆ ಬರುವ ದಿನ ಮತ್ತೆ ಅದೇ ಪತ್ರ ಕೇಳುತ್ತಾರೆ. ಅದಕ್ಕೇ ನಾನು ಅಡ್ಡದಾರಿ ಬೇಡ ಅನ್ನುವುದು.

ಈಗ ಕೆಲಸದ ಮಾತು. ಕಾಲೇಜಿಗೆ ಫೀಸ್ ಕಟ್ಟುವ ಮುಂಚೆ ಆರ್‌ಸಿಐ ವೆಬ್‌ಸೈಟಿನಲ್ಲಿ ಆ ಕಾಲೇಜು, ಆ ವಿಭಾಗ, ಆ ವರ್ಷ ಮೂರೂ ಇದೆಯಾ ನೋಡಿ. ಕಾಲೇಜಿಗೆ ಒಂದು ವಿಭಾಗಕ್ಕೆ ಮಾನ್ಯತೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ನನ್ನ ಪರಿಚಯದ ಒಬ್ಬರು ಕೋರ್ಸ್ ಮುಗಿಸಿ ನೋಂದಣಿಗೆ ಹೋದಾಗ ಅವರ ಬ್ಯಾಚಿಗೇ ಮಾನ್ಯತೆ ಇರಲಿಲ್ಲ ಎಂದು ಗೊತ್ತಾಯಿತು. ಶ್ರವಣದೋಷ ವಿಭಾಗ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ. ಕೆಲಸ ಬಿಡಲು ಆಗದವರು ದೂರಶಿಕ್ಷಣ ಕೇಳುತ್ತಾರೆ. ಅದಕ್ಕೂ ಆರ್‌ಸಿಐ ಒಪ್ಪಿಗೆ ಬೇಕು. ಮಕ್ಕಳ ಜೊತೆ ಮಾಡುವ ಪ್ರಾಕ್ಟಿಕಲ್‌ನಿಂದ ಅಲ್ಲೂ ವಿನಾಯಿತಿ ಇಲ್ಲ.

ಯಾವ ತರಗತಿಗೆ ಕಲಿಸುತ್ತೀರಿ ಎಂಬುದನ್ನೂ ಮೊದಲೇ ಯೋಚಿಸಿ. ಒಂದರಿಂದ ಐದನೇ ತರಗತಿಗೆ ಪಿಯುಸಿ ಮೇಲೆ ಎರಡು ವರ್ಷದ ಸ್ಪೆಷಲ್ ಡಿ.ಎಡ್ ಸರಿಯಾದ ದಾರಿ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ತರಗತಿಗೆ ಬಿ.ಎಡ್ ಅರ್ಹತೆ ಅಲ್ಲ ಎಂದ ಮೇಲೆ ಇದಕ್ಕೆ ಇನ್ನೂ ತೂಕ ಬಂದಿದೆ. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಎಂಟನೇ ತರಗತಿಯ ಮಾಮೂಲಿ ಟೀಚರ್ ಹುದ್ದೆಗೂ ಅರ್ಜಿ ಹಾಕುವ ಯೋಚನೆ ಇದ್ದರೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು.

ತಮ್ಮ ಮಗುವಿಗಾಗಿ ಓಡಾಡುತ್ತ ಈ ಕೆಲಸದ ಮೇಲೆ ಮನಸ್ಸು ಬಂದ ಅಮ್ಮಂದಿರೂ ನನ್ನನ್ನು ಕೇಳುತ್ತಾರೆ. “ನಾನು ಓದಿದ್ದು ಪಿಯುಸಿ ಅಷ್ಟೇ, ಆಗುತ್ತಾ?” ಪಿಯುಸಿಯಲ್ಲಿ 50 ಪರ್ಸೆಂಟ್ ಇದ್ದರೆ ಡಿ.ಎಡ್‌ಗೆ ಆಗುತ್ತದೆ ಅಕ್ಕ, ಮಾರ್ಕ್ಸ್ ಕಾರ್ಡ್ ಹುಡುಕಿಡಿ ಅನ್ನುತ್ತೇನೆ. ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟಿನ ಹೊರಗಿನ ಯಂತ್ರವನ್ನು ರಾತ್ರಿ ಡಬ್ಬಿಯಲ್ಲಿಟ್ಟು ತೇವ ಒಣಗಿಸುವುದು ಅವರಿಗೆ ಆಗಲೇ ಗೊತ್ತಿರುತ್ತದೆ. ಬಿ.ಎಡ್ ಮುಗಿಸಿ ಬಂದವರಿಗೆ ಅದನ್ನು ನಾವು ಮೊದಲ ಸೆಮಿಸ್ಟರಿನಲ್ಲಿ ಹೇಳಿಕೊಡಬೇಕು.